ಪುಟ್ಟಿ, ಹೋಗಿ ಬನ್ನಿ, ಆದರೆ ಕಾರಿನ ಗಾಜು ಜೋಪಾನ

ಪುಟ್ಟಿ, ಬೆಳಿಗ್ಗೆಯೇ ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜ್ ನೋಡಿದೆ. ಟೈಪ್ ಮಾಡಲು ಕೂತರೆ ಸಂಜೆಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಅಡುಗೆ ಮಾಡುತ್ತಾ ಕೇಳು.

ಶನಿವಾರ ಅತ್ತೆ, ಮಾವ, ಮಗು ಎಲ್ಲರನ್ನೂ ಕರೆದುಕೊಂಡು ಗ್ಲೆನ್ ರೋಸ್‌ನ ಫಾಸಿಲ್ ರಿಮ್‌ಗೆ ಟಿಕೆಟ್ ಮಾಡಿದ್ದೀಯ, ಕಾರಿನಲ್ಲೇ ಕೂತು ಪ್ರಾಣಿ ನೋಡುವ ಜಾಗ ಅದು. ಪ್ರಾಣಿಗಳು ಕಾರಿನ ಹತ್ತಿರವೇ ಬರುತ್ತವೆ ಅನ್ನೋ ವಿಡಿಯೋ ನೋಡಿ ಅತ್ತೆಯವರು ಹೆದರಿದ್ದಾರೆ. ಕ್ಯಾನ್ಸಲ್ ಮಾಡಲಾ ದೊಡ್ಡಮ್ಮ ಅಂತ ಕೇಳಿದ್ದೀಯ. ಬೇಡ ಕಣೇ. ಖಂಡಿತ ಹೋಗಿ ಬನ್ನಿ. ಆದರೆ ಒಂದು ಮಾತು, ಕಾರಿನ ಗಾಜಿನ ವಿಷಯದಲ್ಲಿ ಮಾತ್ರ ಸಲಿಗೆ ಬೇಡ. ಮಗು ಕೂತ ಕಡೆಯ ಗಾಜು ಇಳಿಸಲೇಬೇಡಿ.

ಯಾಕೆ ಹೇಳುತ್ತಿದ್ದೇನೆ ಅಂದರೆ, ನಮ್ಮ ಮೈದುನ ಹಾವೇರಿಯಿಂದ ಬಂದಿದ್ದರಲ್ಲ, ಆಗಿನ ಕತೆ ನಿಮಗ್ಯಾರಿಗೂ ಪೂರ್ತಿ ಗೊತ್ತಿಲ್ಲ. ಫಾಸಿಲ್ ರಿಮ್‌ನಲ್ಲಿ ಅಲ್ಲ, ಬೇರೆ ಕಡೆ ಪ್ರಾಣಿ ಸಾಕಿದ ಒಂದು ದೊಡ್ಡ ರ‍್ಯಾಂಚ್, ಹೆಸರು ಬೇಡ. ನಿಮ್ಮ ದೊಡ್ಡಪ್ಪ ಡ್ರೈವ್ ಮಾಡುತ್ತಿದ್ದರು, ನಾನು ಪಕ್ಕದಲ್ಲಿ. ಹಿಂದೆ ನಮ್ಮ ಚಿಕ್ಕವಳು ಅವಳ ಸೀಟಿನಲ್ಲಿ, ಆಚೆ ಪಕ್ಕ ಮೈದುನ. ಗೇಟಿನಲ್ಲಿದ್ದ ಹುಡುಗ ಪ್ಲಾಸ್ಟಿಕ್ ಲೋಟದ ತುಂಬ ಪ್ರಾಣಿಗಳ ತಿಂಡಿ ಕೊಟ್ಟ, ದುಡ್ಡು ತಗೊಂಡ, ಮುಂದಕ್ಕೆ ಹೋಗಿ ಅಂದ. ಹೇಗೆ ಹಾಕಬೇಕು, ಯಾವುದಕ್ಕೆ ಹಾಕಬಾರದು, ಒಂದು ಮಾತೂ ಹೇಳಲಿಲ್ಲ.

ಸ್ವಲ್ಪ ದೂರ ಹೋದೆವೋ ಇಲ್ಲವೋ, ಒಂದು ಆಸ್ಟ್ರಿಚ್ ಬಂತು. ಮೈದುನನ ಸ್ವಭಾವ ಗೊತ್ತಲ್ಲ, ಮಗುವಿಗೆ ತೋರಿಸೋಣ ಅಂತ ಅವಳ ಕಡೆಯ ಗಾಜನ್ನೇ ಪೂರ್ತಿ ಇಳಿಸಿ, ಅವಳ ಮುಂದೆ ಕೈ ಚಾಚಿ ಲೋಟ ಹಿಡಿದರು. ಆ ಪಕ್ಷಿ ನಿಂತರೆ ಒಂಬತ್ತು ಅಡಿವರೆಗೆ ಇರುತ್ತದೆ ಪುಟ್ಟಿ. ಮಿದುಳಿಗಿಂತ ಕಣ್ಣೇ ದೊಡ್ಡದಂತೆ ಅದಕ್ಕೆ. ಕತ್ತು ಬಗ್ಗಿಸಿ ಸೀದಾ ಒಳಗೆ ತಲೆ ಹಾಕಿಬಿಟ್ಟಿತು. ಆ ರೆಪ್ಪೆಗೂದಲು, ಲೋಟದ ತಳಕ್ಕೆ ಟಕಟಕ ಅಂತ ಕೊಕ್ಕು ಬಡಿದ ಸದ್ದು, ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಗು ಕಿಟಾರನೆ ಕಿರುಚಿದಳು. ಹೆದರಿ ಅವಳೇ ಗಾಜಿನ ಗುಂಡಿ ಒತ್ತಿಬಿಟ್ಟಳು. ಗಾಜು ಮೇಲೆ ಏರುತ್ತಿದೆ, ಪಕ್ಷಿಯ ಕತ್ತು ಒಳಗೇ ಇದೆ! ಅದಕ್ಕೆ ಉಸಿರುಗಟ್ಟಿದ ಹಾಗಾಗಿ ಬಾಗಿಲಿಗೆ ಒದೆಯುತ್ತಿದೆ, ತಲೆ ಆ ಕಡೆ ಈ ಕಡೆ ಬೀಸುತ್ತಿದೆ, ಮಗುವಿನ ಮುಖ ಅದರಿಂದ ಒಂದು ಗೇಣು ದೂರದಲ್ಲಿ. ನಿಮ್ಮ ದೊಡ್ಡಪ್ಪ ತಮ್ಮ ಕಡೆಯ ಗುಂಡಿಯಿಂದ ಗಾಜು ಇಳಿಸಿದರು ಅಂತ ಎರಡು ಜೀವ ಉಳಿಯಿತು. ಕಾರಿನ ಬಾಗಿಲು ತಗ್ಗುಬಿದ್ದಿತ್ತು, ಹೋಗಲಿ ಬಿಡು. ಮಗುವಿನ ಹಣೆ ಮೇಲೆ ಕೊಕ್ಕು ತಾಗಿ ಗೀರಾಗಿತ್ತು. ಇನ್ನೊಂದು ಅಂಗುಲ ಕೆಳಗಾಗಿದ್ದರೆ ಕಣ್ಣು. ಅವಳು ಎಷ್ಟೋ ವರ್ಷ ಕೋಳಿ ಕಂಡರೂ ನನ್ನ ಸೆರಗು ಹಿಡಿಯುತ್ತಿದ್ದಳು. ವಾಪಸ್ ಬಂದು ಗೇಟಿನವರಿಗೆ ಹೇಳಿದರೆ ನಕ್ಕರು. ಇದೆಲ್ಲ ದಿನಾ ಆಗುತ್ತದೆ ಅಂದರು. ದಿನಾ ಆಗುವುದಾದರೆ ಮೊದಲೇ ಹೇಳಬೇಕಲ್ವಾ?

ಫಾಸಿಲ್ ರಿಮ್ ಹಾಗಲ್ಲ. ಅಲ್ಲಿಯವರು ಚೀತಾ, ಕೆಂಪು ತೋಳ, ಅಟ್‌ವಾಟರ್ ಪ್ರೇರಿ ಕೋಳಿ, ಇಂಥ ಅಳಿಯುತ್ತಿರುವ ಜೀವಿಗಳ ಸಂತತಿ ಬೆಳೆಸುವ ಕೆಲಸ ಮಾಡುತ್ತಾರೆ. ಚೀತಾ, ತೋಳ ಎಲ್ಲ ಬೇಲಿಯೊಳಗೆ. ನಿಮ್ಮ ಕಾರಿನ ಹತ್ತಿರ ಬರುವುದು ಜಿಂಕೆ, ಜೀಬ್ರಾ, ಜಿರಾಫೆ, ಇಂಥವು. ಅಲ್ಲಿ ಜಿರಾಫೆಗೆ ಬಿಟ್ಟು ಬೇರೆ ಯಾವುದಕ್ಕೂ ಕೈಯಿಂದ ತಿನ್ನಿಸುವ ಹಾಗಿಲ್ಲ, ನೆಲಕ್ಕೆ ಎಸೆಯಬೇಕು. ಗೇಟಿನಲ್ಲಿ ಏನು ಹೇಳುತ್ತಾರೋ ಅದನ್ನು ಅತ್ತೆ ಮಾವನಿಗೂ ಕನ್ನಡದಲ್ಲಿ ಹೇಳು. ಮತ್ತೆ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ, ಮಗುವಿನ ಕಡೆಯ ಗಾಜು ಇಳಿಸಬೇಡಿ. ಜಿರಾಫೆ ಬಂದರೂ ಮುಂದಿನ ಕಿಟಕಿಯಿಂದಲೇ ತೋರಿಸಿ. ಮಾವನವರು ಮೊಮ್ಮಗ ಕೇಳಿದ ಅಂತ ಇಳಿಸಿಬಿಡುತ್ತಾರೆ, ಅಜ್ಜಂದಿರು ಎಲ್ಲ ಒಂದೇ ಥರ.

ಇನ್ನೊಂದು, ಅಲ್ಲಿ ಕೃಷ್ಣಮೃಗ ಇವೆ. ಅತ್ತೆಯವರಿಗೆ ಮೊದಲೇ ಹೇಳು, ಅರ್ಧ ಭಯ ಅಲ್ಲೇ ಇಳಿಯುತ್ತದೆ. ರಾಣೆಬೆನ್ನೂರಿನವರಿಗೆ ಕೃಷ್ಣಮೃಗ ಹೊಸದಾ? ಅವರ ಊರಿನ ಪಕ್ಕದ ಅಭಯಾರಣ್ಯ 1974ರಲ್ಲಿ ಆಗಿದ್ದೇ ಅದಕ್ಕೋಸ್ಕರ. ಟೆಕ್ಸಸ್‌ಗೆ ಅವನ್ನು 1930ರ ದಶಕದಲ್ಲಿ ತಂದು ರ‍್ಯಾಂಚ್‌ಗಳಲ್ಲಿ ಬಿಟ್ಟರಂತೆ, ಈಗ ಸಾವಿರಾರು ಇವೆ. ನಮ್ಮ ಚುಕ್ಕೆ ಜಿಂಕೆಯೂ ಹಾಗೇ ಬಂದದ್ದು, ಇಲ್ಲಿ ಆಕ್ಸಿಸ್ ಅನ್ನುತ್ತಾರೆ. ನಮ್ಮಲ್ಲಿ ಕೃಷ್ಣಮೃಗ ಮುಟ್ಟಿದರೆ ಜೈಲು, ಇಲ್ಲಿ ಕೆಲವು ರ‍್ಯಾಂಚ್‌ಗಳಲ್ಲಿ ದುಡ್ಡು ಕೊಟ್ಟರೆ ಬೇಟೆ. ಅದೊಂದು ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ಫಾಸಿಲ್ ರಿಮ್‌ನಲ್ಲಿ ಆ ಕೋಡು ತಿರುವಿದ ಗಂಡು ಹುಲ್ಲಿನ ಮೇಲೆ ಕೂತಿರುವುದನ್ನು ನೋಡಿದರೆ ನಿಮ್ಮ ಅತ್ತೆ ಕಾರು ನಿಲ್ಲಿಸಿ ಅನ್ನುತ್ತಾರೆ, ನೋಡುತ್ತಿರು.

ಮಾವನವರಿಗೆ ಮಾತ್ರ ಸ್ಟಾಕ್‌ಯಾರ್ಡ್ಸ್ ತೋರಿಸಲೇಬೇಕು, ಹಳೇ ಕಾಲದ ದನದ ಸಂತೆ ಜಾಗ ಅದು. ಫೋರ್ಟ್ ವರ್ತ್‌ನಲ್ಲಿ ದಿನಾ 11:30ಕ್ಕೊಮ್ಮೆ, ಸಂಜೆ 4ಕ್ಕೊಮ್ಮೆ ಕೌಬಾಯ್‌ಗಳು ಲಾಂಗ್‌ಹಾರ್ನ್ ದನಗಳನ್ನು ಇಟ್ಟಿಗೆ ಹಾಸಿದ ರಸ್ತೆಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ದುಡ್ಡಿಲ್ಲ, ರಸ್ತೆ ಪಕ್ಕ ನಿಂತರೆ ಸಾಕು. ಹವೆ ಕೆಟ್ಟರೆ ಮಾತ್ರ ಇರುವುದಿಲ್ಲ. ನಮ್ಮ ಅಮೃತ್ ಮಹಲ್ ದನದ ಕೋಡು ಹಿಂದಕ್ಕೆ ಹೋಗಿ ಮೇಲೇರುತ್ತದೆ, ಇವಕ್ಕೆ ಎರಡು ಪಕ್ಕಕ್ಕೂ ಚಾಚಿರುತ್ತದೆ. ಕೆಲವಕ್ಕೆ ತುದಿಯಿಂದ ತುದಿಗೆ ಏಳು ಅಡಿ. ಒಂದಕ್ಕೊಂದು ತಾಗದ ಹಾಗೆ ಹೇಗೆ ತಲೆ ವಾಲಿಸಿ ನಡೆಯುತ್ತವೆ ಅಂತ ಮಾವನವರು ನೋಡಲಿ, ದನ ಸಾಕಿದವರಿಗೇ ಅದು ಅರ್ಥ ಆಗುವುದು. 1867ರಿಂದ ಟೆಕ್ಸಸ್‌ನವರು ಚಿಜಮ್ ಟ್ರೇಲ್‌ನಲ್ಲಿ ಲಕ್ಷಗಟ್ಟಲೆ ದನ ಹೊಡೆದುಕೊಂಡು ಕ್ಯಾನ್ಸಸ್‌ನ ರೈಲಿನವರೆಗೆ ಹೋಗುತ್ತಿದ್ದರು. ಆಮೇಲೆ ದಾರಿಗೆ ಅಡ್ಡ ಮುಳ್ಳುತಂತಿ ಬೇಲಿ ಬಂತು, ರೈಲು ಇಲ್ಲಿಗೇ ಬಂತು, ಆ ಪದ್ಧತಿ ನಿಂತಿತು. ಆ ಕೌಬಾಯ್‌ಗಳಲ್ಲಿ ಕಪ್ಪು ಜನರು, ಮೆಕ್ಸಿಕೋದವರು ಬಹಳ ಮಂದಿ. ಓಡುವ ಹೋರಿಯ ಕೋಡು ಹಿಡಿದು ಕೆಡವುವ ಆಟ ಶುರು ಮಾಡಿದ ಬಿಲ್ ಪಿಕೆಟ್ ಕಪ್ಪು ಕೌಬಾಯ್. ಅವನ ಕಂಚಿನ ಪ್ರತಿಮೆ ಅಲ್ಲೇ ಇದೆ, ಮಗುವನ್ನು ಅದರ ಮುಂದೆ ನಿಲ್ಲಿಸಿ ಫೋಟೋ ತೆಗಿ.

ಶುಕ್ರವಾರ, ಶನಿವಾರ ರಾತ್ರಿ ಅಲ್ಲೇ ಕೌಟೌನ್ ಕಾಲಿಸಿಯಂನಲ್ಲಿ ರೋಡಿಯೋ, ಅಂದರೆ ಕೌಬಾಯ್‌ಗಳ ಹೋರಿ, ಕುದುರೆ ಪಂದ್ಯ. ಆ ಕಟ್ಟಡ 1908ರದು. ಹೋರಿ ಬೆನ್ನ ಮೇಲೆ ಎಂಟು ಸೆಕೆಂಡ್ ಕೂರಬೇಕು. ಅರ್ಧ ಮಾರ್ಕು ಸವಾರನಿಗೆ, ಅರ್ಧ ಮಾರ್ಕು ಹೋರಿಗೆ! ಹಾವೇರಿ ಕಡೆ ದೀಪಾವಳಿಗೆ ಕೊಬ್ಬರಿ ಹೋರಿ ಓಡಿಸುವುದನ್ನು ನೋಡಿ ಬೆಳೆದವರಿಗೆ ಈ ಲೆಕ್ಕ ಕೇಳಿದರೇ ಖುಷಿ.

ಇದನ್ನೆಲ್ಲ ಹೇಳುವಾಗ ನನಗೆ ಅಪ್ಪನ ನೆನಪಾಗುತ್ತದೆ. ಅಪ್ಪ ನಮ್ಮಲ್ಲಿಗೆ ಬಂದಾಗ ಕೇಳಿದ್ದು ಇದೊಂದೇ. ಆ ಉದ್ದ ಕೋಡಿನ ದನ ನೋಡಬೇಕು ಮಗಳೇ ಅಂದರು. ಆಗ ನಿಮ್ಮ ದೊಡ್ಡಪ್ಪನಿಗೆ ಶನಿವಾರವೂ ಡ್ಯೂಟಿ, ಒಂದೇ ಕಾರು. ಈ ವಾರ ಕರೆದುಕೊಂಡು ಹೋಗುತ್ತೇವೆ, ಮುಂದಿನ ವಾರ ಕರೆದುಕೊಂಡು ಹೋಗುತ್ತೇವೆ ಅಂದವರು ಈ ಗ್ರೂಪಿನಲ್ಲೇ ಇದ್ದೀರಿ, ಹೆಸರು ಹೇಳುವುದಿಲ್ಲ. ಬಂದಿರಿ, ಊಟ ಮಾಡಿದಿರಿ. ಅಪ್ಪನನ್ನು ಕರೆದುಕೊಂಡು ಹೋಗಿದ್ದು ಔಟ್‌ಲೆಟ್ ಮಾಲ್‌ಗೆ. ಅಲ್ಲಿ ಬೆಂಚಿನ ಮೇಲೆ ಬ್ಯಾಗ್ ಕಾಯಲು ಕೂರಿಸಿದಿರಿ. ಅಪ್ಪ ಆ ದನ ನೋಡದೆಯೇ ಊರಿಗೆ ಹೋದರು. ಈಗಲೂ ಅದೇ ನಡೆಯುತ್ತಿದೆ. ಹೆರಿಗೆ, ಬಾಣಂತನ ಅಂತ ಅಪ್ಪ ಅಮ್ಮನನ್ನು ಕರೆಸುತ್ತಾರೆ, ಆರು ತಿಂಗಳು ಮನೆಯೊಳಗೇ. ಬೀದಿಯಲ್ಲಿ ನಡೆದಾಡುವ ಒಂದು ನರಪಿಳ್ಳೆ ಇಲ್ಲ. ಅವರು ಕಿಟಕಿಯಿಂದ ಪಾರ್ಕಿಂಗ್ ನೋಡುತ್ತಾ ಕೂರಬೇಕು. ಹೊರಡುವ ವಾರ ನಯಾಗರಾ ತೋರಿಸಿದರೆ ಮುಗಿಯಿತಾ? ಹತ್ತಿರದ್ದು ಬಿಟ್ಟು ದೂರದ್ದು ಯಾಕೆ? ನೀನು ಅತ್ತೆ ಮಾವ ಬಂದ ಎರಡನೇ ವಾರಕ್ಕೇ ಅವರನ್ನು ಕರೆದುಕೊಂಡು ಹೊರಟಿದ್ದೀಯಲ್ಲ, ನನಗೆ ಎಷ್ಟು ಸಮಾಧಾನ ಆಯಿತು ಗೊತ್ತಾ. ಅದಕ್ಕೇ ಕ್ಯಾನ್ಸಲ್ ಅನ್ನೋ ಮಾತು ಕೇಳಿ ತಡೆಯಲಾಗಲಿಲ್ಲ.

ಅಯ್ಯೋ, ಮುಖ್ಯವಾದದ್ದನ್ನೇ ಬಿಟ್ಟೆ. ಡ್ರೈವರ್ ಬಾಗಿಲಿನಲ್ಲಿ, ಗಾಜಿನ ಗುಂಡಿಗಳ ಪಕ್ಕ, ಕಿಟಕಿ ಲಾಕ್ ಮಾಡುವ ಗುಂಡಿ ಇರುತ್ತದೆ. ಕಿಟಕಿಯ ಮೇಲೆ ಗೀಟು ಎಳೆದ ಚಿತ್ರ ಇರುತ್ತದೆ ನೋಡು. ಗೇಟಿಗೆ ಹೋಗುವ ಮೊದಲೇ ಅದನ್ನು ಒತ್ತಲು ಅಳಿಯಂದಿರಿಗೆ ಹೇಳು. ಹಿಂದೆ ಕೂತವರು ಏನು ಮಾಡಿದರೂ ಗಾಜು ಅಲುಗುವುದಿಲ್ಲ. ಲಾಕ್ ಮಾಡಿ, ಹಿಂದಿನ ಗುಂಡಿ ಒತ್ತಿ ಒಮ್ಮೆ ಪರೀಕ್ಷೆ ಮಾಡಿಕೊಳ್ಳಿ. ಬಾಗಿಲಿನ ಚೈಲ್ಡ್ ಲಾಕ್ ಬೇರೆ, ಅದನ್ನೂ ಹಾಕಿ. ಇದಿಷ್ಟು ಮಾಡಿದರೆ ಅತ್ತೆಯವರು ನೆಮ್ಮದಿಯಾಗಿ ಕೂರಬಹುದು.

ಪೆಟ್ರೋಲ್ ತುಂಬಿಸಿಕೊಂಡು ಹೋಗಿ. ಒಳಗಿನ ದಾರಿ ಏಳು ಮೈಲಿಗೂ ಜಾಸ್ತಿ, ಮೆಲ್ಲಗೇ ಹೋಗಬೇಕು. ನಡುವೆ ಕೆಫೆ, ಟಾಯ್ಲೆಟ್ ಇದೆ, ಅಲ್ಲಿ ಮಾವನವರು ಇಳಿದು ಮಂಡಿ ಸಡಿಲ ಮಾಡಿಕೊಳ್ಳಲಿ. ಬೇರೆಲ್ಲೂ ಕಾರಿನಿಂದ ಇಳಿಯುವ ಹಾಗಿಲ್ಲ. ಬೆಳಿಗ್ಗೆ ಬೇಗ ಹೋದರೆ ಪ್ರಾಣಿಗಳು ಓಡಾಡುತ್ತಿರುತ್ತವೆ, ಬಿಸಿಲೇರಿದ ಮೇಲೆ ನೆರಳು ಹಿಡಿದು ಮಲಗುತ್ತವೆ. ಮಗುವಿಗೆ ಇನ್ನೂ ಉತ್ಸಾಹ ಇದ್ದರೆ ಪಕ್ಕದಲ್ಲೇ ಡೈನೋಸಾರ್ ವ್ಯಾಲಿ ಪಾರ್ಕ್ ಇದೆ. ಪಲಕ್ಸಿ ನದಿಯಲ್ಲಿ ನೀರು ಕಡಿಮೆ ಇದ್ದಾಗ ಕಲ್ಲಿನ ಮೇಲೆ ನಿಜವಾದ ಡೈನೋಸಾರ್ ಹೆಜ್ಜೆ ಕಾಣುತ್ತದೆ. ಮಳೆ ಬಂದಿದ್ದರೆ ಬಿಡಿ.

ಸ್ಟಾಕ್‌ಯಾರ್ಡ್ಸ್ ಅದೇ ದಿನ ಬೇಡ, ವಯಸ್ಸಾದವರಿಗೆ ಸುಸ್ತಾಗುತ್ತದೆ. ಭಾನುವಾರ ಇಟ್ಟುಕೊಳ್ಳಿ, 11ಕ್ಕೆ ಹೋಗಿ ನೆರಳಿರುವ ಕಡೆ ಜಾಗ ಹಿಡಿಯಿರಿ. ರೋಡಿಯೋ ಮುಂದಿನ ಶುಕ್ರವಾರಕ್ಕಿರಲಿ. ಲಾಸ್ ಕೊಲಿನಾಸ್‌ನ ಕುದುರೆಗಳು ನಿಮ್ಮ ಮನೆ ಹತ್ತಿರವೇ ಇವೆ, ವಾರದ ನಡುವೆ ಯಾವುದಾದರೂ ಸಂಜೆ ಹೋಗಿ. ಕೀನ್ಯಾದಲ್ಲಿ ಹುಟ್ಟಿದ ರಾಬರ್ಟ್ ಗ್ಲೆನ್ ಮಾಡಿದ್ದು, ಒಂಬತ್ತು ಕಂಚಿನ ಕುದುರೆ, ನಿಜವಾದ ಕುದುರೆಗಿಂತ ಒಂದೂವರೆ ಪಟ್ಟು ದೊಡ್ಡವು. ನೀರಿನಲ್ಲಿ ಓಡುವ ಹಾಗೆ ಗೊರಸಿನ ಕೆಳಗೆ ಕಾರಂಜಿ ಚಿಮ್ಮುತ್ತದೆ. ಅಲ್ಲಿ ಗಾಜೂ ಇಲ್ಲ, ಭಯವೂ ಇಲ್ಲ, ಮಗು ಹತ್ತಿರ ಹೋಗಿ ನೋಡಬಹುದು. ಡಾಲಸ್ ಪಯೋನಿಯರ್ ಪ್ಲಾಜಾದ ಕಂಚಿನ ದನದ ಹಿಂಡು ಮಾಡಿದ ರಾಬರ್ಟ್ ಸಮ್ಮರ್ಸ್ ಗ್ಲೆನ್ ರೋಸ್‌ನವರೇ. ಅದನ್ನು ಇನ್ನೊಂದು ವಾರ ನಾನೇ ಕರೆದುಕೊಂಡು ಹೋಗುತ್ತೇನೆ, ಅತ್ತೆಯವರ ಜೊತೆ ಮಾತಾಡಿದ ಹಾಗೂ ಆಗುತ್ತದೆ.

ಮಾವನವರಿಗೆ ಅಗಲ ಅಂಚಿನ ಟೋಪಿ ಬೇಕಾಗುತ್ತದೆ, ಹೊಸದು ಕೊಳ್ಳಬೇಡ. ನಿಮ್ಮ ದೊಡ್ಡಪ್ಪನದು ಇದೆ. ಶುಕ್ರವಾರ ಆಫೀಸಿನಿಂದ ಬರುವಾಗ ತಗೊಂಡು ಹೋಗು, ದಾರಿಗೆ ಪುಳಿಯೋಗರೆ ಮಾಡಿಟ್ಟಿರುತ್ತೇನೆ.