ರೆಸಿಸ್ಟರ್ ಬದಲಿಸಿದ ಮೇಲೂ ನಿಂತು ನಿಂತು ಓಡುವ ಎಸಿ ಬ್ಲೋವರ್: ಹಳೆ ಕಾರಿನವರ ಪ್ರಶ್ನೆ, ಆಟೋ ಎಲೆಕ್ಟ್ರೀಷಿಯನ್ ಉತ್ತರ

ಪ್ರಶ್ನೆ (ಪುತ್ತೂರಿನ ಸದಸ್ಯೆ)

ಅಣ್ಣ, ನಮ್ಮದು 2008ರ ಸಣ್ಣ ಪೆಟ್ರೋಲ್ ಕಾರು. ಎಸಿ ಬ್ಲೋವರಿಗೆ ನಾಲ್ಕು ಸ್ಪೀಡ್ ಉಂಟು, ಕೈಯಲ್ಲಿ ತಿರುಗಿಸುವ ನಾಬ್. ಮಳೆಗಾಲ ಮುಗಿದಾಗಿನಿಂದ ಒಂದು ತೊಂದರೆ. ಗಾಳಿ ಚೆನ್ನಾಗಿ ಬರ್ತಾ ಇರ್ತದೆ, ಇದ್ದಕ್ಕಿದ್ದ ಹಾಗೆ ನಿಂತುಹೋಗ್ತದೆ. ಸ್ವಲ್ಪ ಹೊತ್ತು ಬಿಟ್ಟು, ಕೆಲವು ಸಲ ಚಕ್ರ ಹೊಂಡಕ್ಕೆ ಬಿದ್ದಾಗ, ತಾನಾಗಿ ಶುರುವಾಗ್ತದೆ. ಅದಕ್ಕೂ ಮೊದಲು ಬರೀ ನಾಲ್ಕನೇ ಸ್ಪೀಡಿನಲ್ಲಿ ಮಾತ್ರ ಓಡ್ತಿತ್ತು, ಆಗ ಗ್ಯಾರೇಜಿನಲ್ಲಿ ರೆಸಿಸ್ಟರ್ (ಬ್ಲೋವರಿನ ಸ್ಪೀಡ್ ಕಮ್ಮಿ ಮಾಡುವ ಭಾಗ) ಹೋಗಿದೆ ಅಂತ ಹೊಸತು ಹಾಕಿದ್ದರು. ಈಗ ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ ಕೂಲಿಂಗ್ ಕಾಯಿಲ್ ಸಹಿತ ಬದಲಿಸುವ ಅಂತ ಹೇಳ್ತಿದ್ದಾರೆ. ಪ್ರಾಯದ ಅತ್ತೆಯವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕಾರು ಇದು, ಸೆಖೆಯಲ್ಲಿ ಅವರಿಗೆ ಬಹಳ ಕಷ್ಟ. ಎಲ್ಲಿಂದ ನೋಡಲಿಕ್ಕೆ ಶುರು ಮಾಡಬೇಕು?

ಉತ್ತರ (ಆಟೋ ಎಲೆಕ್ಟ್ರೀಷಿಯನ್, ದಾವಣಗೆರೆ)

ಅಕ್ಕಾ, ಮೊದಲನೆಯದಾಗಿ ಡ್ಯಾಶ್‌ಬೋರ್ಡ್ ಬಿಚ್ಚಲು ಒಪ್ಪಬೇಡಿ. ನೀವು ಹೇಳಿದ ಲಕ್ಷಣಕ್ಕೂ ಕೂಲಿಂಗ್ ಕಾಯಿಲ್‌ಗೂ ಸಂಬಂಧ ಕಾಣುತ್ತಿಲ್ಲ. ಇನ್ನೊಂದು ಭಾಗ ಕೊಳ್ಳುವ ಮುಂಚೆ ನಾಲ್ಕು ವಿಷಯ ಗಮನಿಸಿ ಹೇಳಿ.

ಗಾಳಿ ನಿಂತಾಗ ಬ್ಲೋವರ್ ತಿರುಗುವ ಸದ್ದೂ ನಿಲ್ಲುತ್ತದೆಯೋ, ಅಥವಾ ಸದ್ದು ಇದ್ದು ಗಾಳಿ ಮಾತ್ರ ಇಲ್ಲವೋ? ನಿಂತ ಹೊತ್ತಿಗೆ ನಾಬ್ ಅನ್ನು ಒಂದರಿಂದ ನಾಲ್ಕರವರೆಗೆ ತಿರುಗಿಸಿದರೆ ಯಾವುದಾದರೂ ಸ್ಪೀಡಿನಲ್ಲಿ ಏಳುತ್ತದೆಯೋ? ಎಸಿ ಬಟನ್ ಆಫ್ ಮಾಡಿ ಬರೀ ಬ್ಲೋವರ್ ಹಾಕಿಕೊಂಡು ಓಡಿಸಿದಾಗಲೂ ನಿಲ್ಲುತ್ತದೆಯೋ? ಅದೇ ಹೊತ್ತಿನಲ್ಲಿ ವೈಪರ್, ಪವರ್ ವಿಂಡೋ, ಇಂಡಿಕೇಟರ್ ಕೆಲಸ ಮಾಡುತ್ತವೆಯೋ?

ಕಾರನ್ನು ಮರದ ಕೆಳಗೆ ನಿಲ್ಲಿಸುತ್ತೀರಾ ಅಂತಲೂ ಹೇಳಿ.

ಪುತ್ತೂರಿನ ಸದಸ್ಯೆ

ಸದ್ದು ಕೂಡ ನಿಲ್ತದೆ. ಆಗ ನಾಲ್ಕು ಸ್ಪೀಡಿನಲ್ಲೂ ಇಲ್ಲ. ಎಸಿ ಆಫ್ ಇದ್ದರೂ ಅದೇ. ವೈಪರ್, ಗ್ಲಾಸ್ ಎಲ್ಲ ಸರಿ ಉಂಟು. ನಿಲ್ಲುವ ಮೊದಲು ಕೆಲವು ಸಲ ಎಡಗಡೆ ಕಾಲಿನ ಹತ್ತಿರ ಕಿರ್ ಕಿರ್ ಅಂತ ಕೇಳ್ತದೆ. ಕಾರು ನಿಲ್ಲಿಸುವುದು ಹಲಸಿನ ಮರದ ಅಡಿಯಲ್ಲೇ, ಬೇರೆ ಜಾಗ ಇಲ್ಲ.

ಉತ್ತರ

ಇಷ್ಟು ಸಾಕಷ್ಟು ಹೇಳಿತು. ನಿಮ್ಮಂಥ ಕಾರಿನಲ್ಲಿ 1, 2, 3ನೇ ಸ್ಪೀಡಿನ ಕರೆಂಟ್ ರೆಸಿಸ್ಟರ್ ಮೂಲಕ ಹೋಗುತ್ತದೆ. 4ನೇದು ರೆಸಿಸ್ಟರ್ ಬಿಟ್ಟು ನೇರ ಹೋಗುತ್ತದೆ. 4ರಲ್ಲೂ ಏಳದೆ ಇದ್ದರೆ ಈ ಸಲದ ತಪ್ಪು ರೆಸಿಸ್ಟರ್‌ದಲ್ಲ. ಎಲ್ಲ ಸ್ಪೀಡಿಗೂ ಸೇರಿದ ದಾರಿಯಲ್ಲಿ ಹುಡುಕಬೇಕು: ಫ್ಯೂಸ್, ರಿಲೇ (ಕರೆಂಟಿನಿಂದಲೇ ಆನ್-ಆಫ್ ಆಗುವ ಸ್ವಿಚ್), ಮೋಟಾರಿನ ಕಪ್ಲರ್ (ವೈರ್ ಸೇರಿಸುವ ಪ್ಲಗ್), ಮೋಟಾರ್, ಸ್ವಿಚ್, ಅರ್ತ್ (ಕರೆಂಟ್ ಕಾರಿನ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ದಾರಿ). ಹೊಂಡಕ್ಕೆ ಬಿದ್ದಾಗ ಏಳುತ್ತದೆ, ನಿಲ್ಲುವ ಮೊದಲು ಕಿರುಗುಟ್ಟುತ್ತದೆ ಅಂದರೆ ನನ್ನ ಅನುಮಾನ ಮೋಟಾರಿನ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ತುಂಡು) ಮೇಲೆ. ಅದು ಸವೆದು ಗಿಡ್ಡವಾದಾಗ ಹಿಂದಿನ ಸ್ಪ್ರಿಂಗ್ ಒತ್ತಡ ಸಾಲದೆ ಕಮ್ಯುಟೇಟರ್ (ಮೋಟಾರಿನೊಳಗೆ ತಿರುಗುವ ತಾಮ್ರದ ಪಟ್ಟಿಗಳ ಸುತ್ತು) ಮೇಲೆ ಸರಿಯಾಗಿ ಕೂರುವುದಿಲ್ಲ. ಅಲುಗಾಡಿದರೆ ತಾಗುತ್ತದೆ, ಮೋಟಾರ್ ಓಡುತ್ತದೆ.

ಆದರೆ ಅನುಮಾನದ ಮೇಲೆ ಮೋಟಾರ್ ಕೊಳ್ಳಬೇಡಿ. ಇಂಥ ಬಂದು ಹೋಗುವ ದೋಷವನ್ನು ನಿಂತ ಹೊತ್ತಿನಲ್ಲೇ ಹಿಡಿಯಬೇಕು. ಗ್ಯಾರೇಜಿಗೆ ಹೋದಾಗ ಓಡುತ್ತಿದ್ದರೆ ಯಾರೂ ಏನೂ ಹೇಳಲಾರರು. ಹಾಗಿದ್ದೂ ಹೇಳಿದರೆ ಅದು ಊಹೆ.

ಮಾಡಬೇಕಾದ್ದು ಹೀಗೆ. ಗ್ಲೋವ್ ಬಾಕ್ಸ್ ಕೆಳಗೆ, ಮುಂದಿನ ಎಡ ಸೀಟಿನಲ್ಲಿ ಕೂತವರ ಕಾಲಿನ ಮೇಲ್ಭಾಗದಲ್ಲಿ, ಅಡಿ ಕಾಣುವ ಹಾಗೆ ಕೂತಿರುವ ದುಂಡನೆಯ ವಸ್ತುವೇ ಬ್ಲೋವರ್ ಮೋಟಾರ್. ಅದಕ್ಕೆ ಎರಡು ವೈರಿನ ಕಪ್ಲರ್ ಇರುತ್ತದೆ. ಅಕ್ಕಪಕ್ಕದಲ್ಲಿ ಹಳದಿ ವೈರ್ ಅಥವಾ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಲೇಬೇಡಿ. ಬ್ಲೋವರ್ ನಿಂತಾಗ ಗಾಡಿ ಪಕ್ಕಕ್ಕೆ ಹಾಕಿ, ನಾಬ್ 4ರಲ್ಲೇ ಇರಲಿ. ಮೊದಲು ಕಪ್ಲರ್ ಮಾತ್ರ ಹಿಡಿದು ಮೆಲ್ಲಗೆ ಅಲ್ಲಾಡಿಸಿ. ಎದ್ದರೆ ದೋಷ ಕಪ್ಲರಿನಲ್ಲಿ. ಏಳದಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿನ ಮೈಗೆ ಸಣ್ಣಗೆ ತಟ್ಟಿ. ಎದ್ದರೆ ಮೋಟಾರ್. ಜೋರಾಗಿ ಹೊಡೆಯಬೇಡಿ, ಒಳಗೆ ಅಂಟಿಸಿರುವ ಮ್ಯಾಗ್ನೆಟ್ ಬಿರುಕು ಬಿಟ್ಟರೆ ಮೋಟಾರ್ ಜಾಮ್ ಆಗುತ್ತದೆ.

ಮಲ್ಟಿಮೀಟರ್ ಇದ್ದವರು ಸಿಕ್ಕರೆ ಇನ್ನೂ ಖಚಿತವಾಗಿ ಗೊತ್ತಾಗುತ್ತದೆ. ಕಪ್ಲರ್ ಕೀಳಬಾರದು, ಹಾಕಿದ ಹಾಗೇ ಹಿಂಭಾಗದಿಂದ ವೈರಿನ ಪಕ್ಕದಲ್ಲಿ ತೆಳ್ಳನೆಯ ಗುಂಡುಸೂಜಿ ತೂರಿಸಿ ಅಳೆಯಬೇಕು. ಎರಡು ಸೂಜಿ ಒಂದಕ್ಕೊಂದು ತಾಗಬಾರದು. ಬ್ಲೋವರ್ ನಿಂತಿರುವಾಗ ಎರಡರ ನಡುವೆ 12 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಕಪ್ಲರಿನ ತನಕ ಕರೆಂಟ್ ಸರಿಯಾಗಿ ಬಂದಿದೆ, ದೋಷ ಕಪ್ಲರ್ ಪಿನ್ನಿನಲ್ಲಿ ಅಥವಾ ಮೋಟಾರಿನೊಳಗೆ. ಏನೂ ತೋರಿಸದಿದ್ದರೆ ಒಂದೊಂದು ವೈರಿಗೂ ಕಾರಿನ ಬಾಡಿಯ ಲೋಹಕ್ಕೂ ನಡುವೆ ಅಳೆಯಿರಿ. ಎರಡರಲ್ಲೂ 12 ಬಂದರೆ ಪ್ಲಸ್ ಬಂದಿದೆ, ವಾಪಸ್ ಹೋಗುವ ದಾರಿ ಎಲ್ಲೋ ಕಡಿದಿದೆ, ಅಂದರೆ ಸ್ವಿಚ್ ಅಥವಾ ಅರ್ತ್. ಎರಡರಲ್ಲೂ ಇಲ್ಲದಿದ್ದರೆ ಪ್ಲಸ್ಸೇ ಬಂದಿಲ್ಲ, ಆಗ ಫ್ಯೂಸ್, ರಿಲೇ, ಕೀ ಸ್ವಿಚ್ ಕಡೆ ಹೋಗಬೇಕು. ಅರ್ತ್ ಬದಿಯಲ್ಲಿ ಸ್ಪೀಡ್ ನಿಯಂತ್ರಿಸುವ ಕಾರುಗಳಿಗೆ ಈ ಲೆಕ್ಕ. ಹಳೆ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹಾಗೇ ಇವೆ.

ಕಪ್ಲರ್ ಕಿತ್ತು ಖಾಲಿ ಪಿನ್ನಿನಲ್ಲಿ ಅಳೆದು "12 ಬರ್ತಿದೆ, ವೈರಿಂಗ್ ಸರಿ ಇದೆ" ಅನ್ನುವವರನ್ನು ನಂಬಬೇಡಿ. ಲೋಡ್ (ಕರೆಂಟ್ ಎಳೆಯುವ ವಸ್ತು) ಇಲ್ಲದಾಗ ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ. ಮೀಟರ್ ಇಲ್ಲದಿದ್ದರೆ ಹೆಡ್‌ಲೈಟಿನ 55 ವಾಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಆ ಪಿನ್ನುಗಳಿಗೆ ಕೊಡಿ. ಪೂರ್ತಿ ಬೆಳಗಿದರೆ ಲೈನಿನಲ್ಲಿ ಬಲ ಇದೆ, ಮಂಕಾದರೆ ಇಲ್ಲ. ಎಲ್‌ಇಡಿ ಟೆಸ್ಟರ್ ಈ ಕೆಲಸಕ್ಕೆ ಬರುವುದಿಲ್ಲ.

ಇನ್ನೊಬ್ಬ ಸದಸ್ಯರು (ಕಲಬುರಗಿ)

ಅಣ್ಣಾರ, ನನ್ನ ಗಾಡಿನೂ 4ರಾಗ ಮಾತ್ರ ಓಡ್ತದ, ಉಳಿದದ್ದು ಸತ್ತಾವ. ರೆಸಿಸ್ಟರ್ ಹಾಕಿದ್ರ ಸಾಕಲ್ಲ?

ಉತ್ತರ

ರೆಸಿಸ್ಟರ್ ಹೋಗಿರುವುದು ಹೆಚ್ಚುಕಡಿಮೆ ಖಚಿತ. ಸಾಕೇ ಅಂದರೆ, ಅದು ಯಾಕೆ ಹೋಯಿತು ಅಂತ ನೋಡಬೇಕು. ಈ ಅಕ್ಕನ ಕಾರಿನಲ್ಲಿ ಆಗಿರುವುದೂ ಬಹುಶಃ ಇದೇ, ಅದಕ್ಕೆ ಬಿಡಿಸಿ ಹೇಳುತ್ತೇನೆ.

ರೆಸಿಸ್ಟರ್ ತನ್ನ ಪಾಲಿನ ಶಕ್ತಿಯನ್ನು ಬಿಸಿಯಾಗಿಯೇ ಕಳೆಯುತ್ತದೆ. ಆ ಬಿಸಿ ಆರಲೆಂದೇ ಅದನ್ನು ಗಾಳಿ ಹೋಗುವ ಡಬ್ಬಿಯೊಳಗೆ ಕೂರಿಸಿರುತ್ತಾರೆ, ಅತಿ ಬಿಸಿಯಾದರೆ ಕಡಿಯಲೆಂದು ಅದರ ಮೇಲೊಂದು ಥರ್ಮಲ್ ಫ್ಯೂಸೂ ಇರುತ್ತದೆ. ಮೋಟಾರಿನ ಬುಷ್ (ಶಾಫ್ಟ್ ತಿರುಗುವ ಬಳೆ) ಒಣಗಿ ಬಿಗಿಯಾದರೆ ಅದು ಹೆಚ್ಚು ಕರೆಂಟ್ ಎಳೆಯುತ್ತದೆ. ಡಬ್ಬಿಯಲ್ಲಿ ಎಲೆ, ಕಸ ತುಂಬಿದರೆ ಗಾಳಿ ಸಾಲದೆ ರೆಸಿಸ್ಟರ್ ಆರುವುದಿಲ್ಲ. ಎರಡೂ ಸೇರಿದರೆ ಥರ್ಮಲ್ ಫ್ಯೂಸ್ ಕಡಿದುಕೊಳ್ಳುತ್ತದೆ. ಮೆಕ್ಯಾನಿಕ್ ಹೊಸ ರೆಸಿಸ್ಟರ್ ಹಾಕುತ್ತಾನೆ, ಗಾಡಿ ಓಡುತ್ತದೆ, ಹಣ ಕೊಟ್ಟು ಬರುತ್ತೀರಿ. ರೋಗ ಮಾತ್ರ ಮೋಟಾರಿನಲ್ಲೇ ಉಳಿದಿರುತ್ತದೆ. ಸುಟ್ಟ ರೆಸಿಸ್ಟರ್ ಕೈಗೆ ಬಂದಾಗ ಮೋಟಾರ್ ಎಷ್ಟು ಆಂಪಿಯರ್ ಎಳೆಯುತ್ತಿದೆ ಅಂತ ನೋಡದೆ ಗಾಡಿ ಕಳಿಸುವುದು ಅರ್ಧ ಕೆಲಸ ಅಂತಲೇ ನಾನು ಹೇಳುವುದು.

ಅಳೆಯಲು ಡಿಸಿ ಕ್ಲ್ಯಾಂಪ್ ಮೀಟರ್ ಬೇಕು. ಮನೆ ವೈರಿಂಗ್‌ನವರ ಬಳಿ ಇರುವ ಹಲವು ಕ್ಲ್ಯಾಂಪ್ ಮೀಟರ್‌ಗಳು ಮನೆಯಲ್ಲಿ ಬರುವ ಎಸಿ (ಆಲ್ಟರ್ನೇಟಿಂಗ್) ಕರೆಂಟ್ ಮಾತ್ರ ಅಳೆಯುತ್ತವೆ, ಕಾರಿನ ಡಿಸಿ ಕರೆಂಟಿಗೆ ಹಾಕಿದರೆ ಸೊನ್ನೆ ತೋರಿಸುತ್ತವೆ. ಸಣ್ಣ ಕಾರಿನಲ್ಲಿ ಫುಲ್ ಸ್ಪೀಡಿಗೆ ಸಾಮಾನ್ಯವಾಗಿ 10ರಿಂದ 15 ಆಂಪಿಯರ್ ಇರುತ್ತದೆ. 20 ದಾಟಿದರೆ ಮೋಟಾರ್ ಬಿಚ್ಚಲೇಬೇಕು. ಅಳೆಯುವಾಗ ಮೋಟಾರ್ ತನ್ನ ಜಾಗದಲ್ಲೇ ಕೂತಿರಬೇಕು. ಹೊರಗೆ ತೆಗೆದು ಕೈಯಲ್ಲಿ ಹಿಡಿದು ಓಡಿಸಿದರೆ ಫ್ಯಾನಿಗೆ ತಡೆಯಿಲ್ಲದೆ ಹೆಚ್ಚು ಗಾಳಿ ಸಿಕ್ಕಿ ಆಂಪಿಯರ್ ಜಾಸ್ತಿ ತೋರಿಸುತ್ತದೆ, ಒಳ್ಳೆಯ ಮೋಟಾರನ್ನೂ ಕೆಟ್ಟದ್ದು ಅಂದುಕೊಳ್ಳುತ್ತೀರಿ.

ಇನ್ನೊಬ್ಬ ಸದಸ್ಯೆ (ಬೆಂಗಳೂರು)

ಸರ್, ನಮ್ಮ ಕಾರಲ್ಲಿ ಲಾಂಗ್ ಡ್ರೈವ್ ಹೋದಾಗ ಒಂದು ಗಂಟೆ ಆದಮೇಲೆ ಗಾಳಿ ಕಮ್ಮಿ ಆಗ್ತಾ ಹೋಗುತ್ತೆ. ಸದ್ದು ಮಾತ್ರ ಹಾಗೇ ಇರುತ್ತೆ. ಇದೂ ಕಾರ್ಬನ್ನೇನಾ?

ಉತ್ತರ

ಅಲ್ಲ ಮೇಡಂ. ಸದ್ದು ಇದ್ದು ಗಾಳಿ ಇಲ್ಲ ಅಂದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿ ಗಾಳಿಯ ದಾರಿ ಮುಚ್ಚಿರಬೇಕು. ಮುಂದಿನ ಸಲ ಹಾಗಾದಾಗ ಎಸಿ ಬಟನ್ ಮಾತ್ರ ಆಫ್ ಮಾಡಿ, ಬ್ಲೋವರ್ ಓಡಲು ಬಿಡಿ. ಹತ್ತು-ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದು, ಗಾಡಿ ಅಡಿಯಲ್ಲಿ ಎಂದಿಗಿಂತ ಜಾಸ್ತಿ ನೀರು ಸುರಿದರೆ ಅದೇ. ಕಾಯಿಲ್ ಥರ್ಮಿಸ್ಟರ್ (ಕಾಯಿಲ್ ಎಷ್ಟು ತಣ್ಣಗಿದೆ ಅಂತ ನೋಡುವ ಸೆನ್ಸರ್), ಗ್ಯಾಸ್ ಮಟ್ಟ, ಕ್ಯಾಬಿನ್ ಫಿಲ್ಟರ್ ಇಷ್ಟು ನೋಡಿಸಿ. ಇದಕ್ಕೆ ಬ್ಲೋವರ್ ಮೋಟಾರ್ ಬದಲಿಸಿದರೆ ಏನೂ ಪ್ರಯೋಜನವಿಲ್ಲ.

ಇನ್ನೊಬ್ಬ ಸದಸ್ಯರು (ತುಮಕೂರು)

ಇಷ್ಟೆಲ್ಲ ಯಾಕೆ? ನಂಗೆ ಒಬ್ರು ಬ್ಯಾಟರಿಯಿಂದ ಡೈರೆಕ್ಟ್ ವೈರ್ ಎಳೆದು ಒಂದು ಸ್ವಿಚ್ ಹಾಕಿಕೊಟ್ರು. ಫ್ಯೂಸ್ ಹೋಗ್ತಿತ್ತು, ದೊಡ್ಡದು ಹಾಕಿದ್ರು. ಆರಾಮಾಗಿದೆ.

ಉತ್ತರ

ಅಣ್ಣ, ದಯವಿಟ್ಟು ಇವತ್ತೇ ಆ ವೈರ್ ತೆಗೆಸಿ. ಫ್ಯೂಸ್ ಹೋಗುತ್ತಿತ್ತು ಅಂದರೆ ಅಷ್ಟು ಕರೆಂಟ್ ಹೋಗುತ್ತಿತ್ತು ಅಂತ. ದೊಡ್ಡ ಫ್ಯೂಸ್ ಹಾಕಿದ ಮೇಲೆ ಕಡಿಯಬೇಕಾದ ಜಾಗ ಫ್ಯೂಸ್ ಅಲ್ಲ, ವೈರ್. ಆ ವೈರ್ ಹೋಗುವುದು ಡ್ಯಾಶ್‌ಬೋರ್ಡಿನ ಸ್ಪಂಜು, ಕಾರ್ಪೆಟ್, ಪ್ಲಾಸ್ಟಿಕ್ ನಡುವೆ.

ಒಂದು ಲೆಕ್ಕ ನೋಡಿ. 12 ಆಂಪಿಯರ್ ಹರಿಯುವ ಕಪ್ಲರ್ ಪಿನ್ ಸಡಿಲವಾಗಿ ಅಲ್ಲಿ 1 ವೋಲ್ಟ್ ನಷ್ಟವಾದರೆ 12 ವಾಟ್ ಬಿಸಿ ಅಷ್ಟು ಸಣ್ಣ ಪಿನ್ನಿನಲ್ಲೇ ಹುಟ್ಟುತ್ತದೆ. ಕಾರಿನ ನಂಬರ್ ಪ್ಲೇಟ್ ಬಲ್ಬ್ 5 ವಾಟ್, ಅದನ್ನೇ ಉರಿಯುವಾಗ ಬೆರಳಲ್ಲಿ ಹಿಡಿಯಲು ಆಗುವುದಿಲ್ಲ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಹಾಕಿ, ಒಂದು ಆಂಪಿಯರೂ ಹೆಚ್ಚು ಬೇಡ.

ಪುತ್ತೂರಿನ ಸದಸ್ಯೆ

ಅಣ್ಣ, ನೀವು ಹೇಳಿದ ಹಾಗೆ ಮಾಡಿದೆವು. ಮಂಗಳೂರು ದಾರಿಯ ಮಾಣಿ ಊರಿನ ಹತ್ತಿರ ನಿಂತಿತು, ನನ್ನ ತಮ್ಮನ ಹತ್ತಿರ ಮೀಟರ್ ಇತ್ತು. ಕಪ್ಲರಿನಲ್ಲಿ 13.1 ತೋರಿಸಿತು, ಅಲ್ಲಾಡಿಸಿದರೆ ಏಳಲಿಲ್ಲ. ತಟ್ಟಿದ ಕೂಡಲೇ ಎದ್ದಿತು. ಮನೆಗೆ ಬಂದು ಮೂರು ಸ್ಕ್ರೂ ಬಿಚ್ಚಿ ಮೋಟಾರ್ ಇಳಿಸಿದ. ಫ್ಯಾನಿನ ಒಳಗೆ ಹಲಸಿನ ಎಲೆಯ ಚೂರು, ಒದ್ದೆ ಮಣ್ಣು. ಕಪ್ಲರಿನ ಒಂದು ಪಿನ್ನಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣ ಆಗಿ ಸ್ವಲ್ಪ ಕರಗಿದೆ. ವೈಂಡಿಂಗ್ ಅಂಗಡಿಯವರು ಬಿಚ್ಚಿ ನೋಡಿ ಒಂದು ಕಾರ್ಬನ್ ಬುಡದವರೆಗೆ ಸವೆದಿದೆ ಅಂದರು. ಕಾರ್ಬನ್ ಮಾತ್ರ ಹಾಕಿಸುವುದಾ, ಹೊಸ ಮೋಟಾರ್ ತೆಗೆದುಕೊಳ್ಳುವುದಾ?

ಉತ್ತರ

ಕಮ್ಯುಟೇಟರ್ ನೋಡಿ ನಿರ್ಧಾರ ಮಾಡಿ. ತಾಮ್ರದ ಪಟ್ಟಿಗಳ ಮೇಲೆ ಉಗುರು ಎಳೆದರೆ ಗುಳಿ ಸಿಗಬಾರದು, ಒಂದೆರಡು ಪಟ್ಟಿ ಮಾತ್ರ ಕಪ್ಪಗೆ ಸುಟ್ಟಿರಬಾರದು. ಶಾಫ್ಟ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿದರೆ ಸಡಿಲ ಇರಬಾರದು. ಇಷ್ಟೂ ಸರಿಯಿದ್ದರೆ ಅದೇ ಅಳತೆಯ ಕಾರ್ಬನ್ ಹಾಕಿಸಿ, ಬುಷ್‌ಗೆ ಎಣ್ಣೆ ಬಿಡಿಸಿ, ಧಾರಾಳ ನಡೆಯುತ್ತದೆ. ಒಂದು ಸರಿಯಿಲ್ಲದಿದ್ದರೂ ಮೋಟಾರ್ ಬದಲಿಸಿ. ಅಗ್ಗದ ಡೂಪ್ಲಿಕೇಟ್ ಮೋಟಾರಿಗಿಂತ ಒಳ್ಳೆಯ ಸ್ಥಿತಿಯ ಒರಿಜಿನಲ್ ಹಳೆಯದೇ ಮೇಲು ಅಂತ ನನ್ನ ಅಭಿಪ್ರಾಯ. ಹಲವು ಡೂಪ್ಲಿಕೇಟ್‌ಗಳು ಹೆಚ್ಚು ಆಂಪಿಯರ್ ಎಳೆದು ರೆಸಿಸ್ಟರನ್ನು ಮತ್ತೆ ತಿನ್ನುತ್ತವೆ.

ಕರಗಿದ ಕಪ್ಲರನ್ನು ಹಾಗೇ ಒತ್ತಿ ಹಾಕಬೇಡಿ. ಬಿಸಿ ತಿಂದ ಪಿನ್ ಸ್ಪ್ರಿಂಗ್ ಗುಣ ಕಳೆದುಕೊಂಡಿರುತ್ತದೆ, ಹೊಸ ಮೋಟಾರಿಗೆ ಹಾಕಿದರೂ ಮತ್ತೆ ಸುಡುತ್ತದೆ. ವೈರ್ ಸಮೇತ ಹೊಸ ಕಪ್ಲರ್ ಸಿಗುತ್ತದೆ. ಕರ್ರಗಾದ ತಾಮ್ರ ಕತ್ತರಿಸಿ, ಹೊಳೆಯುವ ತಾಮ್ರ ಸಿಕ್ಕಿದ ಮೇಲೆ 2.5 ಸ್ಕ್ವೇರ್ ಎಂಎಂ ವೈರ್ ಜೋಡಿಸಿ ಬೆಸುಗೆ ಹಾಕಿಸಿ, ಸ್ಲೀವ್ ಹಾಕಿಸಿ. ಬರೀ ತಿರುಚಿ ಟೇಪ್ ಸುತ್ತುವುದು ಬೇಡ, ನಿಮ್ಮ ಕಡೆಯ ಮಳೆಗೆ ಅದು ಹಸಿರುಗಟ್ಟುತ್ತದೆ.

ಇನ್ನು ಎಲೆ. ಬಾನೆಟ್ ಎತ್ತಿದರೆ ಮುಂದಿನ ಗ್ಲಾಸಿನ ಬುಡದಲ್ಲಿ ಜಾಲರಿ ಕಾಣುತ್ತದೆ, ಗಾಳಿ ಒಳಗೆ ಬರುವುದು ಅಲ್ಲಿಂದ. ಆ ಕಾಲದ ಹಲವು ಸಣ್ಣ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರೇ ಇಲ್ಲ, ಜಾಲರಿ ದಾಟಿದ್ದು ನೇರ ಬ್ಲೋವರಿಗೆ. ಜಾಲರಿ ಬಿಚ್ಚಿಸಿ ಕಸ ತೆಗೆಸಿ, ಎರಡು ಬದಿಯ ನೀರಿನ ತೂತುಗಳಿಗೆ ಒಂದು ಚೊಂಬು ನೀರು ಹುಯ್ದು ಸರಾಗ ಇಳಿಯುತ್ತದೆಯೋ ನೋಡಿ. ಅಲ್ಲಿ ನೀರು ನಿಂತರೆ ಅದು ಬ್ಲೋವರಿನ ಒಳಗೇ ಇಳಿಯುತ್ತದೆ, ಬುಷ್ ತುಕ್ಕು ಹಿಡಿದು ಬಿಗಿಯಾಗುವುದು ಹೀಗೆ.

ಎಲ್ಲ ಜೋಡಿಸಿದ ಮೇಲೆ 4ನೇ ಸ್ಪೀಡಿನಲ್ಲಿ ಅರ್ಧ ಗಂಟೆ ಓಡಿಸಿ ಕಪ್ಲರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತೊಂದರೆಯಿಲ್ಲ. ಕೈ ಇಡಲಾಗದಷ್ಟು ಸುಟ್ಟರೆ ಅತ್ತೆಯವರನ್ನು ಕರೆದುಕೊಂಡು ಹೊರಡುವ ಮುಂಚೆ ಆಂಪಿಯರ್ ಅಳೆಸಿ ಇಲ್ಲಿ ಹಾಕಿ.