ಎರಡು ಮನೆಗೆ ಒಂದೇ ಸೈಕಲ್ ಸಾಕಾಗುತ್ತಾ?

ಗುಂಪು: ಮನೆ ಮಂದಿ

ಅಣ್ಣ: (ಫೋಟೋ) ಎಲ್ಲರೂ ನೋಡಿ. ಮೂರು ಚಕ್ರದ ಕಾರ್ಗೋ ಸೈಕಲ್, ಸೆಕೆಂಡ್ ಹ್ಯಾಂಡ್. ಮುಂದೆ ಮರದ ಪೆಟ್ಟಿಗೆ, ಒಳಗೆ ಎರಡು ಬೆಂಚು. ನಾಲ್ಕು ಮಕ್ಕಳು ಆರಾಮಾಗಿ ಕೂರಬಹುದು. ಮೋಟಾರು, ಬ್ಯಾಟರಿ ಎಲ್ಲ ಇದೆ. ತಂಗಿ ಮಕ್ಕಳನ್ನು ಹಿಂದೆ ಕೂರಿಸುವ ತನ್ನ ಉದ್ದ ಸೈಕಲ್ ಮಾರಲಿ, ಎರಡೂ ಮನೆ ಸೇರಿ ಇದೊಂದನ್ನೇ ತೆಗೆದುಕೊಳ್ಳೋಣ. ನಾಳೆ ಸಂಜೆಯೊಳಗೆ ಹೇಳಬೇಕಂತೆ.

ಅಪ್ಪ: ಗಟ್ಟಿಯಾಗಿ ಕಾಣುತ್ತದೆ. ಮೂರು ಚಕ್ರ ಅಂದರೆ ಬೀಳುವ ಭಯವೂ ಇಲ್ಲ, ಅಲ್ವಾ?

ನಾನು: ನಿಂತಾಗ ಬೀಳುವುದಿಲ್ಲ ಅಪ್ಪಾ, ಅದು ನಿಜ. ತೊಂದರೆ ಇರುವುದು ತಿರುವಿನಲ್ಲಿ. ಎರಡು ಚಕ್ರದ ಸೈಕಲ್ ತಿರುಗುವಾಗ ಒಳಗಡೆಗೆ ವಾಲುತ್ತದೆ. ಇದು ವಾಲುವುದಿಲ್ಲ. ಜೋರಾಗಿ ತಿರುಗಿಸಿದರೆ ಒಳಬದಿಯ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಮಕ್ಕಳನ್ನು ಬಿಟ್ಟು ಖಾಲಿ ಪೆಟ್ಟಿಗೆಯಲ್ಲಿ ವಾಪಸ್ ಬರುವಾಗ ಇನ್ನೂ ಬೇಗ ಏಳುತ್ತದೆ. ವಾಲುವಂಥ ಮೂರು ಚಕ್ರದವೂ ಇವೆ, ಆದರೆ ಫೋಟೋದಲ್ಲಿರುವುದು ಅದಲ್ಲ.

ಅಣ್ಣ: ತಿರುವಿನಲ್ಲಿ ನಿಧಾನ ಮಾಡಿದರಾಯಿತು. ಕೋಪನ್‌ಹೇಗನ್‌ನಲ್ಲಿ 1984ರಿಂದ ಕ್ರಿಶ್ಚಿಯಾನಿಯಾ ಅನ್ನುವ ಮೂರು ಚಕ್ರದ ಸೈಕಲ್ ಇದೆ. ಅಲ್ಲಿನ ಅಪ್ಪ ಅಮ್ಮಂದಿರು ಅದರಲ್ಲೇ ಮಕ್ಕಳನ್ನು ಬೆಳೆಸಿದ್ದಾರೆ.

ನಾನು: ಅದು ಸಪಾಟಾದ ಊರು ಅಣ್ಣ. ನಿಮ್ಮ ಮನೆ ಏರಿನ ಮೇಲಿದೆ. ಇಳಿಯುವಾಗ ಕೊನೆಯಲ್ಲಿ ತಟ್ಟನೆ ಎಡಕ್ಕೆ ತಿರುಗಬೇಕು. ನಾನು ಹೇಳುತ್ತಿರುವುದು ಆ ಒಂದು ತಿರುವಿನ ಮಾತು.

ಅಣ್ಣ: ನಿನ್ನದೇನು ಕಡಿಮೆಯಾ? ಮಕ್ಕಳು ಹಿಂದೆ ಕೂರುತ್ತಾರೆ. ಏನು ಮಾಡುತ್ತಿದ್ದಾರೆ ಅಂತ ಕಾಣುವುದೇ ಇಲ್ಲ. ಮಳೆ ಬಂದರೆ ನೆನೆಯುತ್ತಾರೆ. ಇದರಲ್ಲಿ ಕಣ್ಣೆದುರೇ ಇರುತ್ತಾರೆ, ಮೇಲೆ ಹೊದಿಕೆ ಹಾಕಬಹುದು.

ನಾನು: ಅದನ್ನು ಒಪ್ಪುತ್ತೇನೆ. ಚಿಕ್ಕವನು ನಿದ್ದೆ ಹೋದದ್ದು ನನಗೆ ಎಷ್ಟೋ ಸಲ ದೊಡ್ಡವಳು ಹೇಳಿದ ಮೇಲೇ ಗೊತ್ತಾಗಿದೆ. ಇನ್ನೊಂದನ್ನೂ ಹೇಳಿಬಿಡುತ್ತೇನೆ, ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ನಾನು ಡಬಲ್ ಸ್ಟ್ಯಾಂಡ್ ಪೂರ್ತಿ ಹಾಕಿರಲಿಲ್ಲ. ಚಿಕ್ಕವನು ಸೀಟಿನಲ್ಲಿದ್ದ, ಬೆಲ್ಟ್ ಹಾಕಿ ಆಗಿತ್ತು. ದೊಡ್ಡವಳು ಒಂದು ಕಡೆಯಿಂದ ಹತ್ತಿದಳು. ಇಬ್ಬರದ್ದೂ ಸೇರಿ ಮೂವತ್ತೆರಡು ಕಿಲೋ, ಅದೂ ನನ್ನ ಸೊಂಟದ ಎತ್ತರದಲ್ಲಿ. ಸೈಕಲ್ ವಾಲಲು ಶುರುವಾಯಿತು. ಕೈಯಲ್ಲಿ ತಡೆಯಲು ಆಗಲೇ ಇಲ್ಲ. ತೊಡೆ ಕೊಟ್ಟು ನಿಂತೆ. ಮಕ್ಕಳಿಗೆ ಏನೂ ಆಗಲಿಲ್ಲ. ನನ್ನ ತೊಡೆ ಮೇಲಿನ ನೀಲಿ ಗುರುತು ಮೂರು ವಾರ ಇತ್ತು.

ಅಪ್ಪ: ಅಯ್ಯೋ. ಆಗಲೇ ಹೇಳಬಾರದಿತ್ತಾ?

ನಾನು: ಹೇಳಿದ್ದರೆ ನೀವು ಸೈಕಲ್ಲೇ ಬೇಡ ಅನ್ನುತ್ತಿದ್ದಿರಿ. ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ. ಸ್ಟ್ಯಾಂಡ್ ಟಕ್ ಅಂದ ಶಬ್ದ ಕೇಳಿದ ಮೇಲೇ ಮಕ್ಕಳು ಹತ್ತಬೇಕು. ಈಗ ಅವರೇ ಕಿವಿ ಕೊಟ್ಟು ಕಾಯುತ್ತಾರೆ.

ಅಣ್ಣ: ನೋಡು, ನನ್ನ ಮಾತನ್ನೇ ನೀನು ಹೇಳಿದೆ. ಮೂರು ಚಕ್ರದಲ್ಲಿ ಇದು ಆಗುತ್ತಲೇ ಇರಲಿಲ್ಲ.

ನಾನು: ಹೌದು, ಆಗುತ್ತಿರಲಿಲ್ಲ. ಅದಕ್ಕೇ ನಾನು ಅದು ಕೆಟ್ಟದ್ದು ಅನ್ನುತ್ತಿಲ್ಲ. ನನ್ನ ಪ್ರಶ್ನೆ ಬೇರೆ. ದಿನಾ ಓಡಿಸುವವರು ಯಾರು? ನೀನಲ್ಲ. ನೀನು ವಾರಕ್ಕೊಂದು ಸಲ ತುಳಿಯುತ್ತೀಯ. ಅತ್ತಿಗೆ ದಿನಕ್ಕೆ ನಾಲ್ಕು ಸಲ. ಬೆಳಿಗ್ಗೆಯಿಂದ ನೂರು ಮೆಸೇಜ್ ಆಯಿತು, ಅವರನ್ನು ಒಬ್ಬರೂ ಕೇಳಿಲ್ಲ.

ಅತ್ತಿಗೆ: ಓದುತ್ತಿದ್ದೇನೆ. ಮಗುವಿಗೆ ಸ್ನಾನ ಮಾಡಿಸಿ ಬರುತ್ತೇನೆ.

ಅಣ್ಣ: ಅವಳಿಗೂ ಇದೇ ಇಷ್ಟ. ಫೋಟೋ ನೋಡಿ ಚೆನ್ನಾಗಿದೆ ಅಂದಳು.

ನಾನು: ಫೋಟೋ ಚೆನ್ನಾಗಿದೆ ಅಂದಿರಬಹುದು. ತೂಕ ಎಷ್ಟು ಕೇಳಿದ್ದೀಯಾ? ಮೋಟಾರು ಇರುವ ಪೆಟ್ಟಿಗೆ ಸೈಕಲ್ 50 ಕಿಲೋ ದಾಟುವುದು ಮಾಮೂಲು. ನಮ್ಮ ಮೂರೂ ಮಕ್ಕಳು ಸೇರಿದರೆ ಹತ್ತಿರ ಹತ್ತಿರ ಇನ್ನೊಂದು 50. ಬ್ಯಾಗು, ಓಡಿಸುವವರು ಬೇರೆ. ಇದು ಒಟ್ಟು ಎಷ್ಟು ಕಿಲೋ ಹೊರುತ್ತದೆ ಅಂತ ಫ್ರೇಮ್ ಮೇಲೆ ಬರೆದಿರಬೇಕು. ಅದರ ಫೋಟೋ ಕಳಿಸಲು ಹೇಳು. ಮೋಟಾರು ಎಲ್ಲಿದೆ ಅದನ್ನೂ ಕೇಳು. ಪೆಡಲ್ ಹತ್ತಿರ ಇದ್ದರೆ ಗೇರಿನ ಬಲ ಅದಕ್ಕೂ ಸಿಗುತ್ತದೆ, ಏರು ಹತ್ತುತ್ತದೆ, ಚೈನು ಮಾತ್ರ ಬೇಗ ಸವೆಯುತ್ತದೆ. ಚಕ್ರದ ಒಳಗಿದ್ದರೆ ಭಾರ ಹೊತ್ತು ನಿಧಾನವಾಗಿ ಏರು ಹತ್ತುವಾಗ ಕಾದುಹೋಗುತ್ತದೆ. ಬ್ಯಾಟರಿ ದಾರಿಯಲ್ಲಿ ಮುಗಿದರೆ ಅಷ್ಟೂ ಭಾರವನ್ನು ಕಾಲಿನಲ್ಲೇ ತುಳಿಯಬೇಕು.

ಅಣ್ಣ: ನೀನು ಸುಮ್ನೆ ಹೆದರಿಸುತ್ತಿದ್ದೀಯ. ನಿನ್ನ ಸೈಕಲ್ ಮಾರಲು ಮನಸ್ಸಿಲ್ಲ, ಅಷ್ಟೇ.

ನಾನು: ಮನಸ್ಸಿಲ್ಲ, ನಿಜ. ಮೂರು ವರ್ಷದಿಂದ ಅದರ ಮೇಲೇ ನನ್ನ ಸಂಸಾರ ನಡೆದಿದೆ. ಎರಡು ಸಲ ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಿದ್ದೇನೆ. ಆದರೆ ಅದನ್ನು ಬಿಟ್ಟುಬಿಡು. ಬೆಳಿಗ್ಗೆ ಎಂಟೂವರೆಗೆ ಎರಡೂ ಮನೆಗೆ ಸೈಕಲ್ ಬೇಕು. ಎರಡು ಶಾಲೆ, ಎರಡು ದಿಕ್ಕು. ಆ ಹೊತ್ತಿನಲ್ಲಿ ಒಂದೇ ಸೈಕಲ್ ಯಾರ ಮನೆಯಲ್ಲಿರುತ್ತದೆ?

ಅಪ್ಪ: ಇದು ಸರಿಯಾದ ಮಾತು.

ಅಣ್ಣ: ಆಯಿತು, ಮಾರುವುದು ಬೇಡ. ನಾವೇ ತೆಗೆದುಕೊಳ್ಳುತ್ತೇವೆ. ನಾಳೆ ಮುಂಗಡ ಕೊಡುತ್ತೇನೆ.

ನಾನು: ಕೈಮುಗಿಯುತ್ತೇನೆ ಅಣ್ಣ, ನೋಡದೆ ಕೊಡಬೇಡ. 2024ರ ಫೆಬ್ರವರಿಯಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಬಾಬೂ ಅನ್ನುವ ಕಂಪನಿಯ ಕಾರ್ಗೋ ಸೈಕಲ್ ಮಾರಾಟವನ್ನು ಸರ್ಕಾರದ ಸುರಕ್ಷತಾ ಇಲಾಖೆಯೇ ನಿಲ್ಲಿಸಿತು. ಫ್ರೇಮ್ ಮುರಿಯುವ ಅಪಾಯ ಇತ್ತು. ಆಮೇಲೆ ಎಷ್ಟೋ ಮಾಡೆಲ್ ವಾಪಸ್ ಕರೆದರು. ಸೈಕಲ್ ದೇಶ ಅಂತ ಹೆಸರಾದ ಕಡೆಯೇ ಹೀಗಾಯಿತು. ಸೆಕೆಂಡ್ ಹ್ಯಾಂಡ್ ಅಂದರೆ ಮೊದಲು ಮಾಡೆಲ್ ಹೆಸರು ಕೇಳಿ, ವಾಪಸ್ ಕರೆದ ಪಟ್ಟಿಯಲ್ಲಿದೆಯಾ ನೋಡು. ಪೆಟ್ಟಿಗೆ ಬಿಚ್ಚಿಸಿ ಕೆಳಗಿನ ವೆಲ್ಡಿಂಗ್ ನೋಡು. ಬಣ್ಣದಲ್ಲಿ ಕೂದಲೆಳೆಯಷ್ಟು ಗೆರೆ ಕಂಡರೂ ಬೇಡ. ಬ್ರೇಕ್ ಹಿಡಿದು ಮುಂದೆ ಹಿಂದೆ ಅಲುಗಾಡಿಸು, ಎಲ್ಲಿ ಲಟಲಟ ಅನ್ನುತ್ತದೆ ಗೊತ್ತಾಗುತ್ತದೆ. ಅದರಲ್ಲಿ ಕೂರುವುದು ನಮ್ಮ ಪುಟ್ಟಿ.

ಅಣ್ಣ: ಇದು ನನಗೆ ಗೊತ್ತಿರಲಿಲ್ಲ. ಕೇಳುತ್ತೇನೆ.

ಅಪ್ಪ: ಮುಂದೆ ಮಕ್ಕಳು ಕೂತು ಎರಡೇ ಚಕ್ರ ಇರುವಂಥದ್ದು ಇಲ್ಲವಾ?

ನಾನು: ಇದೆ ಅಪ್ಪಾ. ಲಾಂಗ್ ಜಾನ್ ಅನ್ನುತ್ತಾರೆ. ಡೆನ್ಮಾರ್ಕ್‌ನಲ್ಲಿ 1920ರ ದಶಕದಲ್ಲೇ ಸಾಮಾನು ಸಾಗಿಸಲು ಮಾಡಿದ್ದು. ಪೆಟ್ಟಿಗೆ ತಗ್ಗಿನಲ್ಲಿ ಇರುತ್ತದೆ, ಹಾಗಾಗಿ ಭಾರ ಕೆಳಗೇ ಇರುತ್ತದೆ. ತಿರುವಿನಲ್ಲಿ ವಾಲುತ್ತದೆ. ಆದರೆ ಉದ್ದ ಎರಡೂವರೆ ಮೀಟರ್. ಮುಂದಿನ ಚಕ್ರ ದೂರದಲ್ಲಿರುತ್ತದೆ, ಮೊದಲ ದಿನ ಹಾವಿನ ಹಾಗೆ ಓಡುತ್ತದೆ. ಚಕ್ರ ನೋಡದೆ ದೂರದ ರಸ್ತೆ ನೋಡಿದರೆ ಹತ್ತು ನಿಮಿಷದಲ್ಲಿ ಕೈ ಕೂರುತ್ತದೆ. ನಿಲ್ಲಿಸಲು ಜಾಗ ಇದ್ದರೆ ನನಗೆ ಅದೇ ಇಷ್ಟ.

ಅತ್ತಿಗೆ: ಬಂದೆ. ಟೇಪ್ ತೆಗೆದುಕೊಂಡು ಕೆಳಗೆ ಹೋಗಿದ್ದೆ. ರೀ, ಆ ಸೈಕಲ್ಲಿನ ಅಗಲ ಎಷ್ಟು ಅಂತ ಬರೆದಿದ್ದಾರೆ?

ಅಣ್ಣ: 88 ಸೆಂ.ಮೀ.

ಅತ್ತಿಗೆ: ನಮ್ಮ ಗೇಟು 86.

ಅಣ್ಣ: ಸರಿಯಾಗಿ ಅಳೆದೆಯಾ?

ಅತ್ತಿಗೆ: ಮೂರು ಸಲ ಅಳೆದೆ. ಹೊರಗೆ ನಿಲ್ಲಿಸುವುದು ನನಗೆ ಬೇಡ. ರಾತ್ರಿ ಮಳೆ ಬಂದರೆ, ಯಾರಾದರೂ ಎತ್ತಿಕೊಂಡು ಹೋದರೆ ಅಂತ ನಿದ್ದೆ ಬರುವುದಿಲ್ಲ. ಗೇಟಿನ ಒಳಗೆ ಗೋಡೆಯ ಉದ್ದಕ್ಕೆ ಎರಡು ಮೀಟರ್ ಹತ್ತು ಸೆಂ.ಮೀ. ಜಾಗ ಇದೆ. ಅಪ್ಪ ಕೇಳಿದ ಎರಡೂವರೆ ಮೀಟರಿನದ್ದೂ ಹಿಡಿಯುವುದಿಲ್ಲ. ಇನ್ನೊಂದು ಮಾತು. ಇಷ್ಟು ದಿನ ಹೇಳಲು ಮುಜುಗರ ಆಗುತ್ತಿತ್ತು. ನಾನು ಗಿಡ್ಡ. ನಿಂತಾಗ ಕಾಲು ನೆಲಕ್ಕೆ ಸಿಗದಿದ್ದರೆ, ಹಿಂದೆ ಮಗು ಇದ್ದರೆ, ನನಗೆ ಕೈಕಾಲು ನಡುಗುತ್ತದೆ. ಇವರು ಮೂರು ಚಕ್ರ ಹುಡುಕಿದ್ದು ಅದಕ್ಕೇ. ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡ.

ನಾನು: ಅಣ್ಣ, ಇದನ್ನು ಮೊದಲೇ ಹೇಳಬಾರದಿತ್ತಾ? ಬೈದದ್ದಕ್ಕೆ ಕ್ಷಮಿಸು. ಅತ್ತಿಗೆ, 20 ಇಂಚಿನ ಪುಟ್ಟ ಚಕ್ರದ ಉದ್ದ ಸೈಕಲ್ ಬರುತ್ತದೆ. ಮಗು ಕೂರುವ ಜಾಗ ತಗ್ಗಿನಲ್ಲಿರುತ್ತದೆ. ಕೆಲವು ಎರಡು ಮೀಟರಿಗಿಂತಲೂ ಕಡಿಮೆ ಉದ್ದ. ನನ್ನದೂ ಅಂಥದ್ದೇ, ನೀವು ಹತ್ತಿ ನೋಡಿಲ್ಲ ಅಷ್ಟೇ.

ಅತ್ತಿಗೆ: ಶನಿವಾರ ಬೆಳಿಗ್ಗೆ ಒಂದು ಗಂಟೆ ಕೊಡುತ್ತೀಯಾ? ಮೊದಲೇ ಪುಟ್ಟಿಯನ್ನು ಕೂರಿಸುವುದಿಲ್ಲ.

ನಾನು: ಖಂಡಿತ ಬೇಡ. ಹತ್ತು ಲೀಟರಿನ ಎರಡು ನೀರಿನ ಕ್ಯಾನ್ ತುಂಬಿಸಿ ಹಿಂದೆ ಕಟ್ಟಿರುತ್ತೇನೆ. ಸೀಟನ್ನು ಪೂರ್ತಿ ಇಳಿಸಿರುತ್ತೇನೆ, ನಿಮ್ಮ ಎರಡೂ ಪಾದ ನೆಲದ ಮೇಲೆ ಇರಬೇಕು. ನಾನು ಪಕ್ಕದಲ್ಲೇ ನಡೆದುಕೊಂಡು ಬರುತ್ತೇನೆ.

ಅಣ್ಣ: ಮಾರುವವರಿಗೆ ಬೇಡ ಅಂತ ಹೇಳಿದೆ. ಶನಿವಾರ ನಾನೂ ಬರುತ್ತೇನೆ. ಆ ಎಡಗಡೆ ತಿರುವಿನ ಹತ್ತಿರ ನಿಂತಿರುತ್ತೇನೆ.