ಪ್ಲಗ್ ಬದಲಿಸಿದ ಮೇಲೆ ಟಿಕ್ ಟಿಕ್ ಸದ್ದು, ಮಿಸ್ಸಿಂಗ್: ಎಲ್ಲಿಂದ ಹುಡುಕಬೇಕು?

ಕೇಳಿದ್ದು, ಕಾರವಾರದಿಂದ:

ನಮ್ಮದು ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, ಪ್ರತಿ ಸ್ಪಾರ್ಕ್ ಪ್ಲಗ್ಗಿನ ಮೇಲೂ ಕಿಡಿಗೆ ಕರೆಂಟ್ ಕೊಡುವ ಅದರದ್ದೇ ಕಾಯಿಲ್. ಮಳೆಗಾಲಕ್ಕೆ ಮೊದಲು ಆಗಿಬಿಡಲಿ ಅಂತ ನಾಲ್ಕೂ ಪ್ಲಗ್ ಮನೆಯಲ್ಲೇ ಬದಲಿಸಿದೆವು. ಅಲ್ಲಿಯವರೆಗೆ ಗಾಡಿ ಚೆನ್ನಾಗಿಯೇ ಇತ್ತು. ಈಗ ಎಂಜಿನ್ ಮಿಸ್ ಹೊಡೆದು, ಅಂದರೆ ನಡುನಡುವೆ ಉರಿಯದೆ, ನಿಂತಲ್ಲೇ ನಡುಗುತ್ತದೆ, ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು, ಅರೆಬೈಲ್ ಘಟ್ಟದಲ್ಲಿ ಪಿಕಪ್ಪೇ ಇಲ್ಲ. ಎಂಜಿನ್ ಲೈಟ್ ಆಗಾಗ ಮಿಣುಕುತ್ತದೆ. ಒಂದು ಗ್ಯಾರೇಜಿನವರು ನಾಲ್ಕೂ ಕಾಯಿಲ್ ಹೋಗಿದೆ ಅಂದರು, ಇನ್ನೊಬ್ಬರು ಟ್ಯಾಪೆಟ್ (ವಾಲ್ವ್ ತಳ್ಳುವ ಭಾಗ) ಬಿಚ್ಚಬೇಕು ಅಂದರು. ಅನುಭವ ಇದ್ದವರು ದಯವಿಟ್ಟು ತಿಳಿಸಿ.

ಶಿರಸಿಯಿಂದ:

ಲೈಟ್ ಮಿಣುಕುತ್ತದೆ ಅಂದಿರಲ್ಲ, ಮೊದಲು ಅದರ ವಿಷಯ. ಸುಮ್ಮನೆ ಹತ್ತಿ ನಿಂತ ಲೈಟಾದರೆ ಮೆಲ್ಲಗೆ ಗ್ಯಾರೇಜ್ ಮುಟ್ಟಬಹುದು. ಮಿಣುಕುವ ಲೈಟ್ ಹಾಗಲ್ಲ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿಯುತ್ತಿದೆ ಎಂದರ್ಥ. ಅದು ವಿಪರೀತ ಕಾದು ಒಳಗಿನ ಜಾಲರಿ ಕರಗಿದರೆ, ಪ್ಲಗ್ಗು ಕಾಯಿಲುಗಳ ಖರ್ಚೆಲ್ಲ ಅದರ ಮುಂದೆ ಏನೂ ಅಲ್ಲ. ಆದ್ದರಿಂದ ಸರಿಯಾಗುವವರೆಗೆ ಘಟ್ಟ ಹತ್ತಿಸಲೇಬೇಡಿ.

ಎರಡನೆಯದು, ಹಳೇ ಪ್ಲಗ್ಗುಗಳನ್ನು ಬಿಸಾಡಿಲ್ಲ ತಾನೇ? ಅವು ಇದ್ದಾಗ ಗಾಡಿ ಚೆನ್ನಾಗಿತ್ತು ಅಂತ ನೀವೇ ಬರೆದಿದ್ದೀರಿ. ನಾಲ್ಕು ಕಾಯಿಲ್ ಒಂದೇ ದಿನ, ಅದೂ ಪ್ಲಗ್ ಬದಲಿಸಿದ ದಿನವೇ ಸಾಯುವುದಿಲ್ಲ. ಟ್ಯಾಪೆಟ್ ಸಂದು ಕೂಡ ಪ್ಲಗ್ ಬಿಚ್ಚಿದ್ದಕ್ಕೆ ಹೆಚ್ಚು ಕಡಿಮೆ ಆಗುವುದಲ್ಲ. ಕೆಲಸ ಮಾಡುವಾಗ ಕೈ ತಾಗಿದ್ದು ಎಲ್ಲೆಲ್ಲಿ ಅಂತ ನೆನಪು ಮಾಡಿಕೊಳ್ಳಿ: ಪ್ಲಗ್, ಕಾಯಿಲ್, ಅದಕ್ಕೆ ವೈರ್ ಸಿಕ್ಕಿಸುವ ಕಪ್ಲರ್, ಏರ್ ಫಿಲ್ಟರ್ ಡಬ್ಬಿ, ಅದಕ್ಕೆ ಬರುವ ಸಣ್ಣ ರಬ್ಬರ್ ಪೈಪುಗಳು. ತೊಂದರೆ ಇಷ್ಟರೊಳಗೇ ಇರುತ್ತದೆ, ಹತ್ತರಲ್ಲಿ ಒಂಬತ್ತು ಸಲ.

ಯಾವ ಸಿಲಿಂಡರ್ ಅಂತ ಪತ್ತೆ ಮಾಡಲು ಸ್ಕ್ಯಾನರ್ ಹಾಕಿಸಿ, ಗಾಡಿಯ ಕಂಪ್ಯೂಟರ್ ದಾಖಲಿಸಿದ ತೊಂದರೆಯ ಕೋಡ್ ಅದರಲ್ಲಿ ಕಾಣುತ್ತದೆ. ಪಿ0300 ಬಂದರೆ ಮಿಸ್ಸಿಂಗ್ ಒಂದೇ ಕಡೆ ಅಲ್ಲ, ಅಲ್ಲಲ್ಲಿ ಆಗುತ್ತಿದೆ. ಪಿ0301 ಅಂದರೆ ಒಂದನೇ ಸಿಲಿಂಡರ್, ಪಿ0302 ಅಂದರೆ ಎರಡನೆಯದು, ಹೀಗೆ. ಉದಾಹರಣೆಗೆ ಎರಡು ಅಂತ ಬಂತು ಅನ್ನಿ. ಎಂಜಿನ್ ಆರಿಸಿ ಎರಡರ ಕಾಯಿಲನ್ನು ಮೂರಕ್ಕೆ, ಮೂರರದ್ದನ್ನು ಎರಡಕ್ಕೆ ಹಾಕಿ, ಕೋಡ್ ಅಳಿಸಿ ಸ್ವಲ್ಪ ಓಡಿಸಿ. ಪಿ0303 ಬಂದರೆ ಕಾಯಿಲೇ ಕಳ್ಳ. ಇನ್ನೂ 0302 ಅಂತಲೇ ಇದ್ದರೆ ಪ್ಲಗ್ಗುಗಳನ್ನು ಅದಲುಬದಲು ಮಾಡಿ. ಆಗಲೂ ತೊಂದರೆ ಎರಡರಲ್ಲೇ ಉಳಿದರೆ ಮಾತ್ರ ಇಂಜೆಕ್ಟರ್, ವೈರಿಂಗ್, ಕಂಪ್ರೆಶನ್ ಕಡೆ ಹೋಗಬೇಕು. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಗಾಡಿ ಸರಿಯಾದರೂ ಯಾವುದರಿಂದ ಸರಿಯಾಯಿತೆಂದು ಗೊತ್ತಾಗುವುದಿಲ್ಲ. ಎಂಜಿನ್ ಓಡುತ್ತಿರುವಾಗ ಪ್ಲಗ್ ಕ್ಯಾಪ್ ಎಳೆದು ನೋಡುವ ಹಳೇ ಪದ್ಧತಿ ಬೇಡ. ಶಾಕ್ ಹೊಡೆಯುವುದು ಒಂದು, ಕಾಯಿಲ್ ಮತ್ತು ಇಸಿಯು, ಅಂದರೆ ಆ ಕಂಪ್ಯೂಟರ್, ಸುಡುವುದು ಇನ್ನೊಂದು.

ಇನ್ನು ಸದ್ದು. ಟಿಕ್ ಟಿಕ್ ಅಂತ ಬರೆದರೆ ಎಲ್ಲವೂ ಒಂದೇ ಕಾಣುತ್ತದೆ, ಕಿವಿಗೆ ಹಾಗಲ್ಲ. ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಹೊರಗಿಂದ ಎಂಜಿನ್ನಿನ ಹೆಡ್ಡಿಗೆ (ಪ್ಲಗ್ ಕೂರುವ ಮೇಲ್ಭಾಗ) ಹಾರುತ್ತಿದ್ದರೆ ಸಣ್ಣಗೆ ಚಟ್ ಚಟ್ ಅನ್ನುತ್ತದೆ, ಆ ಸಿಲಿಂಡರ್ ಮಿಸ್ ಹೊಡೆಯುವುದೂ ಜೊತೆಗೇ ಇರುತ್ತದೆ. ಪ್ಲಗ್ ಸಡಿಲ ಕೂತಿದ್ದರೆ ಚಫ್ ಚಫ್ ಅಂತ ಗಾಳಿ ನುಗ್ಗುವ ಸದ್ದು, ರೇಸ್ ಮಾಡಿದರೆ ಜೋರಾಗುತ್ತದೆ. ಸುಯ್ಯೆಂದು ಒಂದೇ ಸಮ ಬಂದರೆ ವ್ಯಾಕ್ಯೂಮ್ ಪೈಪ್ ಕಳಚಿರಬಹುದು. ಆಗ ನಿಂತಲ್ಲಿ ನಡುಕ ಹೆಚ್ಚು, ವೇಗದಲ್ಲಿ ಕಡಿಮೆ. ಕಬ್ಬಿಣಕ್ಕೆ ಕಬ್ಬಿಣ ಬಡಿದ ಹಾಗೆ ಕೇಳಿದರೆ ಮಾತ್ರ ಆ ಕ್ಷಣವೇ ಆಫ್ ಮಾಡಿ. ಉದ್ದ ಹೆಚ್ಚಿರುವ ಪ್ಲಗ್ ಪಿಸ್ಟನ್ನಿಗೆ ತಾಗುತ್ತಿರಬಹುದು.

ನಿಮ್ಮ ಗಾಡಿ ಘಟ್ಟದಲ್ಲಿ ಸೋಲುತ್ತದೆ ಎನ್ನುವುದು ಒಳ್ಳೆಯ ಸುಳಿವು. ಲೋಡ್ ಬಿದ್ದಾಗ ಸಿಲಿಂಡರಿನೊಳಗೆ ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಸಂದು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಪಕ್ಕದಲ್ಲಿ ಸುಲಭದ ದಾರಿ ಸಿಕ್ಕರೆ, ಅಂದರೆ ಪ್ಲಗ್ಗಿನ ಬಿರುಕು ಬಿಟ್ಟ ಪಿಂಗಾಣಿಯೋ ಕಾಯಿಲಿನ ಒದ್ದೆ ರಬ್ಬರೋ ಇದ್ದರೆ, ಆ ಕಡೆಯೇ ಹಾರಿಬಿಡುತ್ತದೆ. ನಮ್ಮ ದೇವಿಮನೆ ಘಟ್ಟದಲ್ಲೂ ಇದೇ ಕಥೆ, ಕುಮಟಾದಲ್ಲಿ ಸರಿ ಇದ್ದ ಗಾಡಿ ಅರ್ಧ ಏರಿನಲ್ಲಿ ಕೆಮ್ಮುತ್ತದೆ.

ಪ್ಲಗ್ ಬಿಚ್ಚಿದಾಗ ಬಿಳಿ ಪಿಂಗಾಣಿಯನ್ನು ಬೆಳಕಿಗೆ ಹಿಡಿದು ನೋಡಿ. ಲೋಹದ ಹತ್ತಿರ ಸುತ್ತಲೂ ಕಂದು ಬಣ್ಣ ಕಂಡರೆ ಹೆದರಬೇಡಿ, ಗಾಳಿಯಲ್ಲಿನ ಎಣ್ಣೆಯ ಕಣ ಅಂಟಿದ್ದು, ಅದರಿಂದ ತೊಂದರೆ ಇಲ್ಲ. ಮೇಲಿಂದ ಕೆಳಕ್ಕೆ ಪೆನ್ಸಿಲ್ ಗೆರೆಯಂತೆ ಕಪ್ಪು ಗೆರೆ ಇದ್ದರೆ ಕಿಡಿ ಹೊರಗೆ ಹರಿದ ದಾರಿ ಅದೇ.

ಯಲ್ಲಾಪುರದಿಂದ:

ಪ್ಲಗ್ ನಂಬರ್ ನೋಡಿದಿರಾ? ಅಂಗಡಿಯಲ್ಲಿ ‘ಇದೇ ಆಗ್ತದೆ’ ಅಂತ ಕೊಟ್ಟುಬಿಡುತ್ತಾರೆ. ಥ್ರೆಡ್ ಕೂತ ಮಾತ್ರಕ್ಕೆ ಅದೇ ಪ್ಲಗ್ ಆಗುವುದಿಲ್ಲ. ಹೀಟ್ ರೇಂಜ್, ಅಂದರೆ ಪ್ಲಗ್ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎನ್ನುವ ಲೆಕ್ಕ, ಕಂಪನಿಯಿಂದ ಕಂಪನಿಗೆ ಉಲ್ಟಾ: ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ತಣ್ಣನೆಯ ಪ್ಲಗ್, ಬಾಷ್‌ನಲ್ಲಿ ದೊಡ್ಡದಾದಷ್ಟೂ ಬಿಸಿ. ಬಿಸಿ ಜಾಸ್ತಿಯಾದ ಪ್ಲಗ್ ಹಾಕಿದರೆ ಏರಿನಲ್ಲಿ ಎಂಜಿನ್ ಕಟಕಟ ಅನ್ನುತ್ತದೆ, ಅದನ್ನೇ ಟ್ಯಾಪೆಟ್ ಅಂತ ತಪ್ಪು ತಿಳಿಯುವವರು ಬಹಳ. ಗ್ಯಾಪ್ (ಕಿಡಿ ಹಾರುವ ಸಂದು) ಕೂಡ ಫೀಲರ್ ಗೇಜಿನಲ್ಲಿ ಅಳೆದು ನೋಡಿ. ಈಗಿನ ಕಾರುಗಳಲ್ಲಿ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸು, ಹಳೆಯವುಗಳಲ್ಲಿ 0.7–0.8, ನಿಮ್ಮದಕ್ಕೆ ಮ್ಯಾನ್ಯುಯಲ್ಲಿನಲ್ಲಿ ಇದ್ದದ್ದೇ ಸರಿ. ಇರಿಡಿಯಂ ಆಗಿದ್ದರೆ ನಡುವಿನ ಸೂಜಿಗೆ ಒತ್ತಡ ಹಾಕಬೇಡಿ, ಮುರಿಯುತ್ತದೆ.

ಕುಮಟಾದಿಂದ:

ಕಾಯಿಲ್ ಎತ್ತಿದಾಗ ಪ್ಲಗ್ ಗುಂಡಿಯಲ್ಲಿ ಎಣ್ಣೆ ಇತ್ತಾ ಅಣ್ಣ? ನಮ್ಮ ಗಾಡಿಯಲ್ಲಿ ಇದ್ದದ್ದು ಅದೇ. ಟ್ಯಾಪೆಟ್ ಕವರಿನ ಪ್ಯಾಕಿಂಗ್ ಹೋಗಿ ಎಣ್ಣೆ ಇಳಿದು ಕಾಯಿಲಿನ ರಬ್ಬರ್ ಉಬ್ಬಿತ್ತು. ಪ್ಯಾಕಿಂಗ್ ಹಾಕಿ, ರಬ್ಬರ್ ಬದಲಿಸಿದ ಮೇಲೆ ಮಿಸ್ಸಿಂಗ್ ಹೋಯಿತು.

ಹೊನ್ನಾವರ ಕಾಸರಕೋಡದಿಂದ:

ನಾನು ಕಾರಿನವನಲ್ಲ, ನಾಡದೋಣಿಯ ಔಟ್‌ಬೋರ್ಡ್ ಎಂಜಿನ್ ನೋಡಿಕೊಳ್ಳುವವನು. ಪೆಟ್ರೋಲಿನಲ್ಲಿ ಶುರು ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಎಂಜಿನ್ನು, ಪ್ಲಗ್ಗಿಗೆ ಮಸಿ ಹಿಡಿಯುವುದು ನಮಗೆ ದಿನದ ಮಾತು. ಆದರೆ ಮಸಿಗಿಂತ ಹೆಚ್ಚು ಕಾಡಿದ್ದು ಉಪ್ಪು. ಕಡಲ ಗಾಳಿಗೆ ಕಪ್ಲರಿನ ಪಿನ್ನುಗಳಿಗೆ ಹಸಿರು ಹಿಡಿಯುತ್ತದೆ. ಸುಮ್ಮನಿದ್ದಾಗ ಅದು ಹೇಗೋ ನಡೆಯುತ್ತಿರುತ್ತದೆ, ಒಮ್ಮೆ ಕಳಚಿ ಸಿಕ್ಕಿಸಿದರೆ ಸರಿಯಾಗಿ ತಾಗುವುದಿಲ್ಲ. ನೀವು ಕಾರವಾರದವರು, ಇದನ್ನು ನೋಡದೆ ಬಿಡಬೇಡಿ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಟಿಕ್ ಅಂತ ಲಾಕ್ ಆಗುವವರೆಗೆ ಒತ್ತಿ. ರಬ್ಬರಿನ ಒಳಬಾಯಿಗೆ ಕರೆಂಟ್ ಹರಿಯದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿದರೆ ಮಳೆನೀರು, ತೇವ ಒಳಗೆ ಇಳಿಯುವುದಿಲ್ಲ. ಪ್ಲಗ್ಗಿನ ಥ್ರೆಡ್ಡಿಗೆ ಮಾತ್ರ ಏನೂ ಹಚ್ಚಬೇಡಿ, ಜಾರಿ ಬೇಕಾದ್ದಕ್ಕಿಂತ ಬಿಗಿಯಾಗಿ ಹೆಡ್ಡಿನ ಥ್ರೆಡ್ ಹೋಗುತ್ತದೆ.

ಕಾರವಾರದಿಂದ, ಮತ್ತೆ:

ಎಲ್ಲರಿಗೂ ಧನ್ಯವಾದ. ಸ್ಕ್ಯಾನರಿನಲ್ಲಿ ಪಿ0302 ಬಂತು. ಕಾಯಿಲ್ ಅದಲುಬದಲು ಮಾಡಿದೆವು, ಕೋಡ್ ಎರಡರಲ್ಲೇ ಇತ್ತು. ಪ್ಲಗ್ ಅದಲುಬದಲು ಮಾಡಿದಾಗ ಪಿ0303 ಆಯಿತು. ಆ ಪ್ಲಗ್ಗಿನ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು, ಪಕ್ಕದಲ್ಲೇ ಕಪ್ಪು ಗೆರೆ. ನಂಬರ್ ಸರಿಯಾದದ್ದೇ, ಗುಂಡಿಯಲ್ಲಿ ಎಣ್ಣೆ ಇಲ್ಲ. ಸದ್ಯ ಅಲ್ಲಿ ಹಳೇ ಪ್ಲಗ್ ಹಾಕಿದ್ದೇವೆ, ನಡುಕ ನಿಂತಿದೆ. ಟಿಕ್ ಟಿಕ್ ಬಹಳ ಕಡಿಮೆ, ಪೂರ್ತಿ ಹೋಗಿಲ್ಲ.

ಶಿರಸಿಯಿಂದ:

ಸಂತೋಷ. ಪ್ಲಗ್ ಸಾಕೆಟ್ ಸ್ವಲ್ಪ ವಾಲಿದರೂ ಪಿಂಗಾಣಿ ಹಾಗೆ ಸೀಳುತ್ತದೆ. ಒಳಗೆ ರಬ್ಬರ್ ಅಥವಾ ಆಯಸ್ಕಾಂತ ಇರುವ ಸಾಕೆಟ್ಟನ್ನೇ ನೆಟ್ಟಗೆ ಹಿಡಿಯಿರಿ. ಈಗ ಆ ಪ್ಲಗ್ಗಿನ ಮೇಲೆ ಕೂತಿದ್ದ ಕಾಯಿಲ್‌ಗಳ ರಬ್ಬರನ್ನು, ಎರಡರದ್ದನ್ನೂ ಮೂರರದ್ದನ್ನೂ, ಒಳಮಗ್ಗುಲು ತಿರುಗಿಸಿ ನೋಡಿ. ಅಲ್ಲೂ ಕಪ್ಪು ಗೆರೆ ಬಿದ್ದಿದ್ದರೆ ಆ ರಬ್ಬರನ್ನೂ ಬದಲಿಸಲೇಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗಿನ ಮೇಲೂ ಅದೇ ಗೆರೆ ಎಳೆಯುತ್ತದೆ. ಉಳಿದಿರುವ ಸದ್ದು ಬಹುಶಃ ಅದೇ. ಕೆಲವು ಗಾಡಿಗಳಿಗೆ ರಬ್ಬರ್ ಮಾತ್ರ ಬಿಡಿಯಾಗಿ ಸಿಗುತ್ತದೆ, ಕೇಳಿ ನೋಡಿ.

ರಬ್ಬರ್ ಸರಿ ಇದ್ದೂ ಸದ್ದು ಬಂದರೆ ಬಿಗಿ ನೋಡಿ. ಎಂಜಿನ್ ತಣ್ಣಗಿರಬೇಕು. ವಾಷರ್ ಇರುವ 14 ಮಿ.ಮೀ. ಥ್ರೆಡ್ಡಿನ ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 25–30 ನ್ಯೂಟನ್ ಮೀಟರ್, 12 ಮಿ.ಮೀ. ಆದರೆ 15–20. ಬಿಗಿ ಅಳೆಯುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಕೈಯಲ್ಲೇ ತಿರುಗಿಸಿ ಕೂರಿಸಿ, ಹೊಸ 14 ಮಿ.ಮೀ. ಪ್ಲಗ್ಗಿಗೆ ಮೇಲೆ ಅರ್ಧದಿಂದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಸುತ್ತು. ನೀವು ಈಗ ಹಾಕಿರುವ ಹಳೇ ಪ್ಲಗ್ಗಿನ ವಾಷರ್ ಆಗಲೇ ಅಪ್ಪಚ್ಚಿಯಾಗಿದೆ, ಅದಕ್ಕೆ ಸುತ್ತಿನ ಹನ್ನೆರಡನೇ ಒಂದು ಪಾಲು ಸಾಕು. ಹೊಸ ಪ್ಲಗ್ ಬಂದು ಕೋಡ್ ಅಳಿಸಿದ ಮೇಲೆ ಮೊದಲು ಅಂಕೋಲಾವರೆಗೆ ಕರಾವಳಿ ರಸ್ತೆಯಲ್ಲಿ ಹೋಗಿ ಬನ್ನಿ. ಲೈಟ್ ಬರದಿದ್ದರೆ ಆಮೇಲೆ ಅರೆಬೈಲ್.